ಮೂವತ್ತಾರನೇ ತಾಕು

ವಿಜ್ಞಾನಿಗಳಿಗೆ ಪಾಠ ಹೇಳುತ್ತೇನೆ ಎಂದರೆ ನೆಂಟರಿಷ್ಟರೆಲ್ಲ ಏನೋ ದೊಡ್ಡ ಕೆಲಸ ಅಂದುಕೊಂಡಿದ್ದರು. ನಾನೂ ಅವರ ತಪ್ಪು ತಿದ್ದಲು ಹೋಗಲಿಲ್ಲ. ನಾನು ಕಲಿಸುತ್ತಿದ್ದದ್ದು ಲಿನಕ್ಸ್. ಮೌಸ್ ಮುಟ್ಟದೆ, ಕಪ್ಪು ಪರದೆಯ ಮೇಲೆ ಒಂದೊಂದೇ ಕಮಾಂಡ್ ಟೈಪ್ ಮಾಡಿ ಕಂಪ್ಯೂಟರಿನಿಂದ ಕೆಲಸ ತೆಗೆಯುವುದು. ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಕಂಪ್ಯೂಟರುಗಳನ್ನು ನೋಡಿಕೊಂಡಿದ್ದವನು ನಾನು. ಆ ಕೆಲಸ ಬಿಟ್ಟ ಮೇಲೆ ಯಲಹಂಕದಾಚೆ, ಬಾಗಲೂರು ಕಡೆಗಿರುವ ಒಂದು ಕೃಷಿ ಸಂಶೋಧನಾ ಕೇಂದ್ರದವರು ಪ್ರತಿ ಗುರುವಾರ ಬಂದು ನಮ್ಮವರಿಗೆ ಕಲಿಸಿ ಎಂದು ಕರೆದರು. ಚಿಕ್ಕಬಾಣಾವರದಿಂದ ಎರಡು ಬಸ್ ಬದಲಾಯಿಸಿ ಹೋಗುತ್ತಿದ್ದೆ.

ಹದಿನಾಲ್ಕು ಜನ ವಿದ್ಯಾರ್ಥಿಗಳು. ಹದಿಮೂರು ಜನ ಮೂವತ್ತರ ಆಸುಪಾಸಿನವರು. ಹದಿನಾಲ್ಕನೆಯವರು ಮೇಡಂ. ರಾಗಿ ತಳಿ ಬೆಳೆಸುವ ಹಿರಿಯ ವಿಜ್ಞಾನಿ, ಜನವರಿ ಕೊನೆಗೆ ನಿವೃತ್ತಿ. ಮುಂದಿನ ಬೆಂಚಿನಲ್ಲಿ ಕೂತು, ಕನ್ನಡಕದ ಮೇಲಿಂದ ನನ್ನನ್ನು ನೋಡುತ್ತಾ, ನಾನು ಆಡಿದ ಮಾತನ್ನೆಲ್ಲ ಬರೆದುಕೊಳ್ಳುತ್ತಿದ್ದರು. ಕೆಮ್ಮಿದರೆ ಅದನ್ನೂ ಬರೆದುಕೊಳ್ಳುತ್ತಾರೇನೋ ಅನ್ನಿಸುತ್ತಿತ್ತು. ನಿವೃತ್ತಿಗೆ ಮೂರು ತಿಂಗಳಿರುವಾಗ ಇದೆಲ್ಲ ಯಾಕೆ ಮೇಡಂ ಎಂದು ಒಮ್ಮೆ ಕೇಳಿದೆ. ಹನ್ನೆರಡು ವರ್ಷದಿಂದ ಒಂದು ರಾಗಿಯ ಹಿಂದೆ ಬಿದ್ದಿದ್ದೇನೆ, ಕೊನೆಯ ಸುಗ್ಗಿಯ ಅಂಕಿಅಂಶವನ್ನಾದರೂ ಬೇರೆಯವರ ಕೈಗೆ ಕೊಡದೆ ನಾನೇ ನೋಡಬೇಕು ಅಂದರು. ಆ ರಾಗಿಗೆ ಎಲೆ, ತೆನೆಗಳನ್ನು ಒಣಗಿಸುವ ಬೆಂಕಿ ರೋಗ ಅಷ್ಟಾಗಿ ತಗಲುತ್ತಿರಲಿಲ್ಲ. ಇಳುವರಿಯೂ ಚೆನ್ನಾಗಿದೆ ಎಂದು ಈ ಸಲ ತೋರಿಸಿಬಿಟ್ಟರೆ ಅದು ರೈತರ ಕೈಗೆ ಹೋಗಲು ಸಮಿತಿಯ ಮುಂದೆ ಬರುತ್ತಿತ್ತು. ಅವರು ಹೋಗುವ ಮುಂಚೆ ಅದೊಂದು ಆಗಬೇಕಿತ್ತು.

ನನಗೆ ಕೋಪ ಮೂಗಿನ ತುದಿಯಲ್ಲೇ. ಆ ಹದಿಮೂರು ಜನ ವಾರಕ್ಕೊಂದು ಸಲ ಪಾಸ್‌ವರ್ಡ್ ಮರೆಯುತ್ತಿದ್ದರು. ಡಾಕ್ಟರೇಟ್ ಮಾಡಿದವರು ಸ್ವಾಮಿ! ಸಾರ್ಟ್ ಕಮಾಂಡಿನ ಪಾಠದ ದಿನವಂತೂ ಅರ್ಧ ಗಂಟೆ ಅದರಲ್ಲೇ ಹೋಯಿತು. ಸಾರ್ಟ್ ಎಂದರೆ ಸಾಲುಗಳನ್ನು ಕ್ರಮವಾಗಿ ಜೋಡಿಸಿಕೊಡುವ ಕಮಾಂಡ್. ಅದಾದ ಮೇಲೆ ಬೇಡದ ಕಾಲಂ ತೆಗೆಯುವ ಕಟ್, ಎರಡು ಫೈಲುಗಳನ್ನು ಪಕ್ಕಪಕ್ಕ ಅಂಟಿಸುವ ಪೇಸ್ಟ್. ಮೂರನ್ನೂ ಗಡಿಬಿಡಿಯಲ್ಲಿ ತೋರಿಸಿದೆ. ಒಂದೇ ನಂಬರಿನ ಕಾಲಂ ಎರಡು ಕಡೆ ಯಾಕೆ, ಒಂದನ್ನು ಕತ್ತರಿಸಿ ಬಿಸಾಕಿ ಎಂದು ಠೀವಿಯಿಂದ ಹೇಳಿದೆ. ಹೇಳಿ, ಲ್ಯಾಪ್‌ಟಾಪ್ ಮುಚ್ಚಿ, ಸಿಡುಕುತ್ತಲೇ ಬಸ್ ಹತ್ತಿದೆ.

ಡಿಸೆಂಬರಿನ ಒಂದು ಗುರುವಾರ ಮೇಡಂ ತರಗತಿಗೆ ಮೈಸೂರು ಪಾಕ್ ಡಬ್ಬಿ ತಂದರು. ಕೊಯ್ಲಾಗಿ ತೂಕವೂ ಆಗಿತ್ತು. ಹನ್ನೆರಡು ತಳಿ, ಒಂದೊಂದಕ್ಕೆ ಹೊಲದಲ್ಲಿ ಗುರುತು ಮಾಡಿದ ಮೂರು ತುಂಡು ಜಾಗ, ಅಂದರೆ ಮೂರು ತಾಕು, ಒಟ್ಟು ಮೂವತ್ತಾರು ತಾಕು. ನಾನು ಕಲಿಸಿದ ಮೂರು ಕಮಾಂಡುಗಳಲ್ಲೇ ಎಲ್ಲವನ್ನೂ ಜೋಡಿಸಿ ಪಟ್ಟಿ ಮಾಡಿದ್ದರು. ಅವರ ರಾಗಿ ಹನ್ನೆರಡರಲ್ಲಿ ಮೊದಲನೆಯದು. ಪ್ರಸ್ತಾವ ಕಳಿಸಿಯಾಗಿತ್ತು, ಸೋಮವಾರ ಸಮಿತಿಯ ಸಭೆ. ನಮ್ಮ ಮೇಷ್ಟ್ರ ಪುಣ್ಯ ಎಂದು ಎಲ್ಲರೆದುರು ಹೇಳಿ ಮೊದಲ ತುಂಡನ್ನು ನನ್ನ ಕೈಗಿಟ್ಟರು. ನಾನು ಉಬ್ಬಿಹೋದೆ. ಸಕ್ಕರೆ ಕಾಯಿಲೆ ಇರುವವನು ಎರಡು ತುಂಡು ತಿಂದೆ.

ಪಾಠ ಮುಗಿದ ಮೇಲೆ ಟೀ ಕುಡಿಯಲು ತೂಕದ ಶೆಡ್ಡಿಗೆ ಹೋಗುವುದು ನನ್ನ ರೂಢಿ. ಅಲ್ಲೊಬ್ಬರು ಹಿರಿಯರಿದ್ದರು. ಬಿತ್ತುವುದರಿಂದ ಹಿಡಿದು ತೂಗುವತನಕ ತಾಕುಗಳ ಕೆಲಸವೆಲ್ಲ ಅವರದೇ. ಪಕ್ಕದ ಊರಿನ ಒಕ್ಕಲು ಮನೆತನದವರು. ಅವರ ಸ್ವಂತ ಹೊಲದ ಮೇಲೆ ಲೇಔಟ್ ಎದ್ದು ಯಾವ ಕಾಲವಾಗಿತ್ತೋ. ಅವರ ಮಗ ಅಲ್ಲೇ ಅಪಾರ್ಟ್‌ಮೆಂಟ್ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದ. ಇವರು ಮಾತ್ರ ಬೆಳಗಾದರೆ ಟವೆಲ್ ಕೊಡವಿಕೊಂಡು ಕೇಂದ್ರದ ಹೊಲಕ್ಕೆ ಬರುತ್ತಿದ್ದರು. ಮೇಡಂ ತಮ್ಮ ಪಟ್ಟಿಯನ್ನು ಅವರಿಗೂ ಕಾಣಲಿ ಎಂದು ಶೆಡ್ಡಿನ ಗೋಡೆಗೆ ಅಂಟಿಸಿದ್ದರು. ಹಿರಿಯರು ಅದರ ಮುಂದೆ ನಿಂತು, ಬೆರಳಿಟ್ಟು, ಒಂದೊಂದೇ ಸಾಲನ್ನು ನಿಧಾನವಾಗಿ ಓದುತ್ತಿದ್ದರು.

"ಮೇಷ್ಟ್ರೇ, ಇದ್ಯಾಕೆ ಇಂಗೈತೆ? ಮೂವತ್ತಾರನೇ ತಾಕು ನೀಲಗಿರಿ ಮರದ ನೆಳ್ಳಿಗೆ ಬತ್ತದೆ. ಅದು ಯಾವತ್ತೂ ಇಷ್ಟು ಕೊಟ್ಟಿಲ್ಲ. ನಾನೇ ತೂಗಿದ್ದು, ಅರ್ಧ ಚೀಲಾನೂ ತುಂಬ್ನಿಲ್ಲ."

ನನಗೆ ಸರ್ರನೆ ಸಿಟ್ಟು ಬಂತು. ಕಂಪ್ಯೂಟರಿಗೆ ನಿಮ್ಮ ಮರದ ನೆರಳು ಬಿಸಿಲು ಗೊತ್ತಿಲ್ಲ ಯಜಮಾನರೇ, ಕೊಟ್ಟ ಅಂಕಿಯನ್ನು ಅದು ತಪ್ಪದೆ ಜೋಡಿಸುತ್ತದೆ, ನಿಮ್ಮ ನೆನಪೇ ಎಲ್ಲೋ ಎಡವಿರಬೇಕು ಎಂದುಬಿಟ್ಟೆ. ಅವರು ಜಗಳಕ್ಕೆ ಬರಲಿಲ್ಲ. ಇರಬೌದು ಬಿಡಿ ಎಂದು ಟೀ ಲೋಟ ನನ್ನ ಕೈಗೆ ಕೊಟ್ಟು ಹೊರಗೆ ಹೋದರು.

ಬಸ್ಸಿನಲ್ಲಿ ಕೂತ ಮೇಲೆ ಅವರ ಅರ್ಧ ಚೀಲ ನನ್ನನ್ನು ಬಿಡಲಿಲ್ಲ. ನೆನಪು ಎಡವಬಹುದು, ಆದರೆ ಕೈಯಾರೆ ಎತ್ತಿದ ಚೀಲದ ಭಾರ ಅಷ್ಟು ಬೇಗ ಮರೆತುಹೋಗುತ್ತದೆಯೇ? ಮನೆಗೆ ಬಂದವನೇ ಕಾಲು ಕೂಡ ತೊಳೆಯದೆ ನನ್ನ ಪಾಠದ ಟಿಪ್ಪಣಿ ತೆಗೆದೆ. ಹೇಳಿ ಮುಗಿಸಿದ್ದಕ್ಕೆಲ್ಲ ಗುರುತು ಹಾಕುವುದು ನನ್ನ ಅಭ್ಯಾಸ. ಸಾರ್ಟ್ ಕಮಾಂಡಿನ ಪುಟದಲ್ಲಿ ಅರ್ಧಕ್ಕೆ ಮಾತ್ರ ಗುರುತಿತ್ತು. ಕೆಳಗಿನ ಅರ್ಧ ಖಾಲಿ.

ವಿಷಯ ಇಷ್ಟೇ. ಸುಮ್ಮನೆ ಸಾರ್ಟ್ ಎಂದರೆ ಅದು ಸಂಖ್ಯೆಯನ್ನೂ ಅಕ್ಷರದ ಹಾಗೆ ಎಡಗಡೆಯಿಂದ ನೋಡಿಕೊಂಡು ಹೋಗುತ್ತದೆ. ಒಂದಾದ ಮೇಲೆ ಎರಡನ್ನು ಇಡುವುದಿಲ್ಲ, ಒಂದರಿಂದ ಶುರುವಾಗುವ ಹತ್ತು, ಹನ್ನೊಂದು, ಹನ್ನೆರಡನ್ನೆಲ್ಲ ಮೊದಲು ಇಟ್ಟು, ಹತ್ತೊಂಬತ್ತು ಮುಗಿದ ಮೇಲೆ ಎರಡಕ್ಕೆ ಬರುತ್ತದೆ. ಸಂಖ್ಯೆಯ ಕ್ರಮವೇ ಬೇಕಾದರೆ ಜೊತೆಗೆ ಒಂದು ಗೀಟು, ಒಂದು ಎನ್ ಸೇರಿಸಬೇಕು. ಅದನ್ನು ನಾನು ಹೇಳಿಯೇ ಇರಲಿಲ್ಲ. ಮುಂದಿನ ವಾರ ಹೇಳಿದರಾಯಿತು ಅಂದುಕೊಂಡು, ಮುಂದಿನ ವಾರ ಮರೆತಿದ್ದೆ. ಯಾವ ತಾಕಿನಲ್ಲಿ ಯಾವ ತಳಿ ಎನ್ನುವ ಮೇಡಂ ಅವರ ಪಟ್ಟಿ ಒಂದರಿಂದ ಮೂವತ್ತಾರರವರೆಗೆ ಸರಿಯಾಗೇ ಇತ್ತು. ಸಾರ್ಟ್ ಮಾಡಿ ಅದರ ಪಕ್ಕ ಅಂಟಿಸಿದ ತೂಕಗಳು ಮಾತ್ರ ಒಂದು, ಹತ್ತು, ಹನ್ನೊಂದು ಎಂಬ ಕ್ರಮದಲ್ಲಿ ನಿಂತಿದ್ದವು. ತೂಕದ ಫೈಲಿನ ನಂಬರಿನ ಕಾಲಂ ಉಳಿದಿದ್ದರೆ ಯಾರ ಕಣ್ಣಿಗಾದರೂ ಬೀಳುತ್ತಿತ್ತು. ಅದನ್ನು ಕತ್ತರಿಸಿ ಬಿಸಾಕಲು ಹೇಳಿದ ಮಹಾಶಯನೂ ನಾನೇ. ಮೂವತ್ತಾರನೇ ತಾಕಿನ ಎದುರು ಒಂಬತ್ತನೇ ತಾಕಿನ ತೂಕ ಕೂತಿತ್ತು.

ಶುಕ್ರವಾರ ಬೆಳಿಗ್ಗೆ ಮೇಡಂಗೆ ಫೋನ್ ಮಾಡಿ, ಸಾರ್ಟ್ ಮಾಡುವಾಗ ತೂಕಗಳ ಕ್ರಮ ತಪ್ಪಿದೆ ಎಂದಷ್ಟೇ ಹೇಳಿದೆ, ಯಾರ ತಪ್ಪೆಂದು ಹೇಳಲಿಲ್ಲ. ನಾಳೆ ಬೆಳಿಗ್ಗೆ ಬನ್ನಿ, ಇಬ್ಬರೂ ಕೂತು ನೋಡೋಣ ಅಂದರು. ಶನಿವಾರ ಅವರ ಕೋಣೆಯಲ್ಲಿ ನಾನು ಹೇಳಿದ ಹಾಗೆ ಅವರೇ ಟೈಪ್ ಮಾಡಿದರು. ಈ ಸಲ ಪಟ್ಟಿ ಸರಿಯಾಗಿ ಬಂತು. ಅವರ ರಾಗಿ ಮೊದಲನೆಯದಲ್ಲ, ಏಳನೆಯದು. ಅವರು ಇನ್ನೊಮ್ಮೆ ಮೊದಲಿಂದ ಮಾಡಿದರು. ಆಗಲೂ ಏಳನೆಯದೇ.

ಈಗ ಬರೆಯುತ್ತಿರುವುದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಆದರೂ ಹೇಳಿಬಿಡುತ್ತೇನೆ. ಪ್ರಸ್ತಾವ ಹೇಗೂ ಹೋಗಿದೆಯಲ್ಲ ಮೇಡಂ, ಸೋಮವಾರ ಕಳೆಯಲಿ, ಮುಂದಿನ ವರ್ಷ ಹೊಸ ಅಂಕಿ ಬಂದಾಗ ತಾನಾಗೇ ಸರಿಹೋಗುತ್ತದೆ ಎಂದು ನಾನೇ ಅವರಿಗೆ ಸೂಚಿಸಿದೆ. ಅವರ ಮೇಲಿನ ಕನಿಕರದಿಂದ ಹೇಳಿದೆ ಅಂದುಕೊಂಡಿದ್ದೆ. ಕನಿಕರ ಎಲ್ಲಿ ಬಂತು, ನನ್ನ ಮಾನ ಉಳಿಯಲಿ ಎನ್ನುವುದೇ ಅದರೊಳಗಿತ್ತು.

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದನ್ನ ನಂಬಿ ಬಿತ್ತಿದ ರೈತ್ರು ಮುಂದಿನ ವರ್ಷ ಹೊಲದಲ್ಲಿ ನಿಂತ್ಕೊಂಡು ಯಾರನ್ನ ಬೈಬೇಕು ಮೇಷ್ಟ್ರೇ? ನಿಮ್ಮ ಸಾರ್ಟ್ ಕಮಾಂಡನ್ನಾ?"

ಅವರು ಪ್ರಸ್ತಾವ ಹಿಂತೆಗೆದುಕೊಳ್ಳುವ ಪತ್ರವನ್ನು ಅಲ್ಲೇ ಟೈಪ್ ಮಾಡಿ ಕಳಿಸಿದರು. ನಾಲ್ಕೇ ಸಾಲು. ಹನ್ನೆರಡು ವರ್ಷಕ್ಕೆ ನಾಲ್ಕು ಸಾಲು. ಆಮೇಲೆ ಶೆಡ್ಡಿಗೆ ಹೋಗಿ ಗೋಡೆಯ ಮೇಲಿದ್ದ ಪಟ್ಟಿಯನ್ನು ಅವರೇ ಬಿಡಿಸಿ ತೆಗೆದರು. ನೀವು ಹೇಳಿದ್ದೇ ಸರಿ ಎಂದು ಹಿರಿಯರಿಗೆ ಹೇಳಿದರು. ಅವರಿಗೆ ಗೆದ್ದ ಸಂತೋಷವೇನೂ ಆಗಲಿಲ್ಲ. ನಾನು ಯೋಳ್ಬಾರದಾಗಿತ್ತು ಕಣಮ್ಮ ಎಂದು ತಲೆ ತಗ್ಗಿಸಿದರು. ನಾನು ಅವರಲ್ಲಿ ಕ್ಷಮೆ ಕೇಳಬೇಕಿತ್ತು. ಟವೆಲ್‌ನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದವರನ್ನು ನೋಡಿ ಆಗಲಿಲ್ಲ. ಮುಂದೊಂದು ದಿನ ಕೇಳಿದೆ. ಅದಕ್ಕೆ ಅವರು ನನಗೆ ಇನ್ನೊಂದು ಟೀ ಬಗ್ಗಿಸಿಕೊಟ್ಟರು, ಅಷ್ಟೇ.

ತರಗತಿಗೆ ರಜೆಗಳು ಅಡ್ಡ ಬಂದು ಮತ್ತೆ ಸೇರುವ ಹೊತ್ತಿಗೆ ಜನವರಿ ಮುಗಿಯುತ್ತಾ ಬಂದಿತ್ತು. ಅದು ಮೇಡಂ ಅವರ ಕೊನೆಯ ಗುರುವಾರ. ನಾನು ಪಾಠ ಶುರು ಮಾಡುವ ಮುಂಚೆ ಅವರು ಎದ್ದು ನಿಂತು, ಎರಡು ನಿಮಿಷ ಮಾತಾಡಲೇ ಎಂದು ಕೇಳಿದರು. ಸಿಹಿ ತಿಂದವರಿಗೆಲ್ಲ ವಿಷಯ ಗೊತ್ತಿರಬೇಕು ಎಂದು ನಡೆದದ್ದನ್ನು ಹೇಳಿದರು. ಬೋರ್ಡಿನ ಮೇಲೆ ಒಂದು, ಹತ್ತು, ಹನ್ನೊಂದು ಎಂದು ಬರೆದು ತೋರಿಸಿದರು. ನನ್ನ ಹೆಗಲು ತಾನಾಗಿ ಕುಗ್ಗಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನನ್ನದು ಅದೇ ಪಾಡು. ಇನ್ನೇನು ನನ್ನ ಕಡೆ ಕೈ ತೋರಿಸುತ್ತಾರೆ ಎಂದು ಕಾದೆ.

"ಮೇಷ್ಟ್ರು ಹೇಳಿಕೊಟ್ಟಿದ್ರು. ನಾನೇ ಮರೆತೆ," ಅಂದರು. "ನೀವು ಮರೀಬೇಡಿ."

ಹದಿಮೂರು ಜನ ತಲೆಯಾಡಿಸಿದರು. ಹಿಂದಿನ ಬೆಂಚಿನವನೊಬ್ಬ, ವಯಸ್ಸಾಯ್ತಲ್ಲ ಪಾಪ ಎಂದು ಪಕ್ಕದವನ ಕಿವಿಯಲ್ಲಿ ಹೇಳಿದ್ದು ನನಗೆ ಕೇಳಿಸಿತು. ಪಾಸ್‌ವರ್ಡ್ ಮರೆತವರನ್ನೆಲ್ಲ ಎಲ್ಲರೆದುರು ಝಾಡಿಸುತ್ತಿದ್ದ ನಾನು ಅವತ್ತು ಮಾರ್ಕರ್ ಹಿಡಿದುಕೊಂಡು ಸುಮ್ಮನೆ ನಿಂತೆ. ಒಂದು ಮಾತು ಸಾಕಿತ್ತು. ಬಾಯಿಗೆ ಬರಲಿಲ್ಲ. ಪಾಠ ಶುರು ಮಾಡಿದೆ, ಮಾಡಿ ಮುಗಿಸಿದೆ, ಮನೆಗೆ ಬಂದೆ. ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತಂತೆ. ಇಲ್ಲಿ ಆ ಮೇಕೆಯೇ ಬಂದು ಬಾಯಿ ಒಡ್ಡಿತ್ತು, ಕೋತಿ ಬೇಡ ಅನ್ನಲಿಲ್ಲ.

ಮುಂದಿನ ಗುರುವಾರ ಮೊದಲ ಬೆಂಚು ಖಾಲಿ. ನಿದ್ದೆಗೆಟ್ಟ ಮುಖ ಹೊತ್ತುಕೊಂಡು ಹೋಗಿದ್ದೆ. ಸಾರ್ಟ್ ಕಮಾಂಡಿನ ಆ ಅರ್ಧವನ್ನು ನಾನು ಯಾರಿಗೂ ಹೇಳಿರಲಿಲ್ಲ, ಮರೆತದ್ದು ಮೇಡಂ ಅಲ್ಲ, ನಾನು ಎಂದು ಹೇಳಿದೆ. ಒಬ್ಬಳು ಕೈಯೆತ್ತಿ, ಹಾಗಾದರೆ ಇನ್ನೂ ಏನೇನು ಬಿಟ್ಟಿದ್ದೀರಿ ಸರ್ ಎಂದು ಕೇಳಿದಳು. ನ್ಯಾಯವಾದ ಪ್ರಶ್ನೆ. ಅವತ್ತು ಹೊಸ ಪಾಠ ಮಾಡಲಿಲ್ಲ, ಟಿಪ್ಪಣಿಯ ಮೊದಲ ಪುಟದಿಂದ ನೋಡಿಕೊಂಡು ಬಂದೆವು.

ಹೇಳಬೇಕಾದವರಿಗೆ ಹೇಳುವುದು ಬಾಕಿ ಇತ್ತು. ಭಾನುವಾರ ವಿದ್ಯಾರಣ್ಯಪುರದಲ್ಲಿದ್ದ ಮೇಡಂ ಮನೆಗೆ ಹೋದೆ. ಗೇಟಿನ ಬಳಿ ಕುಂಡಗಳಿಗೆ ನೀರು ಹಾಕುತ್ತಿದ್ದರು. ಒಳಗೆ ಕರೆದು ಕಾಫಿ ಕೊಟ್ಟರು. ತರಗತಿಯಲ್ಲಿ ಹೇಳಿದ್ದನ್ನು ಅವರ ಮುಂದೆಯೂ ಹೇಳಿದೆ. ನೀವು ನನಗೆ ಹೇಳಿರಲಿಲ್ಲ ಎನ್ನುವುದು ನಿಮ್ಮ ಫೋನ್ ಬಂದ ಬೆಳಿಗ್ಗೆಯೇ ನಾನು ಬರೆದುಕೊಂಡದ್ದನ್ನು ತೆಗೆದು ನೋಡಿ ಗೊತ್ತಾಗಿತ್ತು ಎಂದು ಅವರು ಏನೂ ಆಗದವರ ಹಾಗೆ ಅಂದರು. ನನಗೆ ತಡೆಯಲಿಲ್ಲ. ಹಾಗಾದರೆ ಅವತ್ತು ಎಲ್ಲರೆದುರು ಯಾಕೆ ಸುಳ್ಳು ಹೇಳಿದಿರಿ ಮೇಡಂ, ರಾಗಿಯೂ ಹೋಯಿತು, ಹೋಗುವ ದಿನ ತಪ್ಪೂ ನಿಮ್ಮ ತಲೆಗೇ ಬಂತು ಎಂದು ಸ್ವಲ್ಪ ಜೋರಾಗಿಯೇ ಕೇಳಿದೆ.

"ನಾನು ಹೋಗೋಳು ಕಣ್ರೀ," ಅಂದರು. "ಆ ಮಕ್ಕಳು ಇನ್ನೂ ನಿಮ್ಮ ಹತ್ರ ಕಲೀಬೇಕಲ್ಲ. ನಿಮ್ಮನ್ನ ನಂಬದೇ ಹೋದ್ರೆ ಹೆಂಗೆ ಕಲೀತಾರೆ?"

ಕಾಫಿ ಆರುತ್ತಿದೆ ಕುಡಿಯಿರಿ ಎಂದು ಲೋಟವನ್ನು ನನ್ನ ಕಡೆ ಸರಿಸಿದರು. ನಾನು ಲೋಟ ಎತ್ತಿಕೊಂಡೆ.