ವಿಳಾಸದಕ್ಕ

ಊರಿನಲ್ಲಿ ಅವಳು ಟೈಲರ್ ಮಗಳು. ಮದುವೆಯಾದ ಮೇಲೆ ಕಂಪೌಂಡರ್ ಸೊಸೆ. ಮಣ್ಣಿನ ಮೇಲೆ ಸಂಶೋಧನೆ ಮಾಡುತ್ತೇನೆಂದು ಗಂಡನನ್ನೂ ಕಟ್ಟಿಕೊಂಡು ಪರದೇಶಕ್ಕೆ ಹೊರಟಾಗ ಅವಳ ಅತ್ತೆ, "ಮಣ್ಣು ನೋಡಕ್ಕೆ ಅಷ್ಟು ದೂರ ಹೋಗ್ಬೇಕಾ? ಹಿತ್ತಿಲಲ್ಲಿ ಬೇಕಾದಷ್ಟು ಬಿದ್ದಿದೆಯಲ್ಲ" ಎಂದಿದ್ದರು. ಬಂದು ವರ್ಷ ತುಂಬುವುದರೊಳಗೆ, ಇಲ್ಲಿ ಓದುವ ನಮ್ಮ ಭಾಷೆಯ ಹುಡುಗ ಹುಡುಗಿಯರ ಬಾಯಲ್ಲಿ ಅವಳು ವಿಳಾಸದಕ್ಕ ಆದಳು. ಹಾಗೆ ಕರೆದರೆ ಅವಳು ಹುಸಿಮುನಿಸು ತೋರಿಸುತ್ತಿದ್ದಳು, ಆದರೆ ಒಳಗೊಳಗೇ ಹಿಗ್ಗುತ್ತಿದ್ದಳು.

ಹೆಸರು ಬಿದ್ದದ್ದಕ್ಕೆ ಕಾರಣವಿತ್ತು. ಈ ದೇಶದಲ್ಲಿ ಓದುವವರಿಗೆ ವಾಸದ ಪರವಾನಗಿ ಬೇಕು. ಪರವಾನಗಿ ಬೇಕೆಂದರೆ ಯಾವುದಾದರೊಂದು ಮನೆಯಲ್ಲಿ ಹೆಸರು ನೋಂದಾಯಿಸಿರಬೇಕು. ನೋಂದಾಯಿಸಲು ಮಾಲೀಕರ ಸಹಿ ಬೇಕು. ಮಾಲೀಕರನ್ನು ಕೇಳಿದರೆ "ಮೊದಲು ಪರವಾನಗಿ ತೋರಿಸು" ಅನ್ನುತ್ತಾರೆ. ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ, ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ ಅನ್ನುವ ಗಾದೆಯನ್ನೇ ಎದುರಿಟ್ಟುಕೊಂಡು ಕಾನೂನು ಬರೆದ ಹಾಗಿತ್ತು. ಹೊಸದಾಗಿ ಬಂದವರು ಎಲ್ಲೋ ಯಾರದೋ ಕೋಣೆಯಲ್ಲಿ ಕಾಗದಪತ್ರವಿಲ್ಲದೆ ಮಲಗುತ್ತಿದ್ದರು, ನೋಂದಣಿಗೆ ಮಾತ್ರ ಅವಳ ಬಾಗಿಲಿಗೆ ಬರುತ್ತಿದ್ದರು. ಅವಳು ಇಲ್ಲ ಅಂದವಳಲ್ಲ.

ಎರಡು ಕೋಣೆ, ಒಂದು ಅಡುಗೆಮನೆಯ ಮಹಡಿ ಮನೆ ಅದು. ಮಾಲೀಕರು ಕೆಳಗೇ ಇದ್ದರು. ಆಸ್ಪತ್ರೆಯಲ್ಲಿ ದುಡಿದು ನಿವೃತ್ತಿಯಾದ ವಯಸ್ಸಾದ ನರ್ಸ್. ಮಗು ಹುಟ್ಟಿದಾಗ ಎಣ್ಣೆ ಹಚ್ಚಿ ನೀರು ಹಾಕಲು ತವರಿನವರು ಯಾರೂ ಇಲ್ಲದೆ ಅವಳು ಕಣ್ಣೀರು ಹಾಕುತ್ತಿದ್ದರೆ, ಅಂಗಿಯ ತೋಳು ಮಡಚಿಕೊಂಡು ಮೇಲೆ ಬಂದು ಎಳೆಗೂಸನ್ನು ಅಂಗೈಯಲ್ಲಿ ಹಿಡಿಯುವುದನ್ನು ಕಲಿಸಿದ್ದು ಅವರೇ. ಅವರ ಮುಂದೆ ನೋಂದಣಿಯ ಹಾಳೆ ಹಿಡಿದು, "ನನ್ನ ಚಿಕ್ಕಮ್ಮನ ಮಗ. ನಮ್ಮ ಜೊತೆ ಇರ್ತಾನೆ" ಅನ್ನುತ್ತಿದ್ದಳು.

"ನಿನ್ನ ಚಿಕ್ಕಮ್ಮನಿಗೆ ಎಷ್ಟು ಮಕ್ಕಳಮ್ಮ?" ಎಂದು ನರ್ಸಮ್ಮ ನಗುತ್ತಿದ್ದರು. ಕನ್ನಡಕ ಹುಡುಕುವ ಗೋಜಿಗೂ ಹೋಗದೆ ಸಹಿ ಹಾಕುತ್ತಿದ್ದರು.

ಇದು ಸುಳ್ಳೆಂದು ಅವಳಿಗೆ ಅನ್ನಿಸಿರಲೇ ಇಲ್ಲ. ನಮ್ಮಲ್ಲಿ ಬಸ್ಸಿನಲ್ಲಿ ಪಕ್ಕ ಕೂತವರೂ ಇಳಿಯುವ ಹೊತ್ತಿಗೆ ಅಣ್ಣನೋ ಅಕ್ಕನೋ ಆಗಿಬಿಡುತ್ತಾರೆ. ಅಕ್ಕ ಅಂತ ಕರೆದವನು ತಮ್ಮ. ತಮ್ಮ ಅಂದಮೇಲೆ ಚಿಕ್ಕಮ್ಮನ ಮಗ. ಇದರಲ್ಲಿ ತಪ್ಪೇನು?

"ಇದು ಮನೆಯೋ ಛತ್ರವೋ?" ಎಂದು ಗಂಡ ಗೊಣಗುತ್ತಿದ್ದ. ಅವನಿಗೆ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಹೆಂಡತಿಯ ಪರವಾನಗಿಯ ಬಾಲ ಹಿಡಿದೇ ಅವನದೂ ಮಗುವಿನದೂ ಪರವಾನಗಿ. ಅವಳದು ಬಿದ್ದರೆ ಮೂವರದೂ ಬೀಳುತ್ತದೆ.

ಆ ವರ್ಷ ಅವಳ ಮನೆಯಲ್ಲಿ ಹೊರಗಿನವರ ಮೂರು ಹೆಸರಿದ್ದವು. ಇಬ್ಬರಿಗೆ ಆಗಲೇ ಬೇರೆ ಕಡೆ ಸರಿಯಾದ ಕೋಣೆ ಸಿಕ್ಕಿತ್ತು, ಹೆಸರು ತೆಗೆಸುವುದನ್ನು ಮರೆತಿದ್ದರು ಅಷ್ಟೇ. ಮೂರನೆಯವನು ಉದ್ದಪ್ಪ. ಬಾಗಿಲ ಚೌಕಟ್ಟಿಗೆ ಹಣೆ ಬಡಿಸಿಕೊಂಡೇ ಒಳಗೆ ಬರುವ ಎತ್ತರದ ಆಳು. ಕಾರು ರಿಪೇರಿ ಶೆಡ್ಡಿನ ಮೇಲಿನ ಅಟ್ಟದಂಥ ಕೋಣೆಯಲ್ಲಿ ಇನ್ನೊಬ್ಬ ಹುಡುಗನ ಜೊತೆ ಇದ್ದ. ಆ ಕೋಣೆಗೆ ಕಾಗದವಿಲ್ಲ. ಅವನ ಪಾಲಿಗೆ ಈ ದೇಶದಲ್ಲಿ ಇದ್ದ ವಿಳಾಸ ಅವಳದೊಂದೇ. ರಜೆಯ ದಿನ ಬಂದು ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಚಾವಣಿಯ ದೀಪ ಮುಟ್ಟಿಸುತ್ತಿದ್ದ.

ನವೀಕರಣದ ದಿನ ಬಂತು. ಈ ವಿಷಯದಲ್ಲಿ ಅವಳು ಎಲ್ಲರಿಗೂ ಗುರು. "ಪರವಾನಗಿ ತಗೊಳ್ಳೋದು ಮದುವೆ ಇದ್ದಂಗೆ ಕಣ್ರೋ, ಒಂದಿನದ ಗದ್ದಲ. ನವೀಕರಿಸೋದು ಸಂಸಾರ. ಪ್ರತಿ ವರ್ಷ ಹೊಸ ಕೊಂಕು" ಎಂದು ಕಿರಿಯರಿಗೆ ಪಾಠ ಹೇಳುತ್ತಿದ್ದವಳು. ಕಾಲೇಜಿನ ಪತ್ರ, ವಿಮೆ, ಫೋಟೊ ಎಲ್ಲ ಜೋಡಿಸಿಕೊಂಡು, ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಕೌಂಟರಿನ ಮುಂದೆ ಕೂತಳು. ಗಂಡ ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ.

ಕೌಂಟರಿನ ಹೆಂಗಸು ಕಾಗದಗಳನ್ನು ಒಂದೊಂದೇ ತಿರುವಿ, ಕಂಪ್ಯೂಟರ್ ಕಡೆ ನೋಡಿ, ಕೈ ನಿಲ್ಲಿಸಿದಳು.

"ಈ ಮನೆಯಲ್ಲಿ ನಿಮ್ಮನ್ನು ಬಿಟ್ಟು ಇನ್ನೂ ಮೂರು ಜನ ಇದ್ದಾರಲ್ಲ. ಮಗು ಇರುವ ಮನೆಗೆ ಈ ಜಾಗ ಸಾಕಾಗಲ್ಲ. ಹೀಗಿದ್ದರೆ ಮಗುವಿನದು ನವೀಕರಿಸಲು ಬರಲ್ಲ. ಇವರು ನಿಮ್ಮ ಜೊತೆ ಇದ್ದಾರಾ?"

ಇದ್ದಾರೆ ಅಂದರೆ ಮಗುವಿನ ಪರವಾನಗಿ ಕಾರ್ಡಿಗೆ ಕಲ್ಲು. ಇಲ್ಲ ಅಂದರೆ ಉದ್ದಪ್ಪನಿಗೆ. ಒಂದಿಷ್ಟು ಕಾಲಾವಕಾಶ ಕೊಡಿ, ವಿಚಾರಿಸಿ ಬರುತ್ತೇನೆ ಅನ್ನಬಹುದಿತ್ತು. ಹಾಗೆ ಕೇಳಲು ಅವಕಾಶವಿದೆಯೆಂದು ಎಷ್ಟು ಜನಕ್ಕೆ ಅವಳೇ ಹೇಳಿಕೊಟ್ಟಿರಲಿಲ್ಲ? ತನ್ನ ಸರದಿಗೆ ಅದು ನೆನಪಿಗೇ ಬರಲಿಲ್ಲ. ಮಗು ಬಿಸ್ಕತ್ತಿನ ಎಂಜಲನ್ನು ಅವಳ ಕೊರಳಿಗೆ ಒರೆಸುತ್ತಿತ್ತು.

"ಇಲ್ಲ" ಅಂದಳು. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು, ಅದು ನಿಜವೇ. ಆದರೆ ಹೆದರಿದ ಬಾಯಿ ಒಂದಕ್ಕೆ ನಿಲ್ಲುವುದಿಲ್ಲ. "ಅವರು ಯಾರೋ ನನಗೆ ಪರಿಚಯ ಇಲ್ಲ. ನಮಗಿಂತ ಮುಂಚೆ ಇದ್ದವರಿರಬೇಕು."

ಹೆಂಗಸು ತಲೆಯಾಡಿಸಿ ಏನೋ ಟೈಪು ಮಾಡಿದಳು. ಮೂವರ ನವೀಕರಣವೂ ಆಯಿತು. "ಮಗು ಮುದ್ದಾಗಿದೆ" ಎಂದೂ ಹೇಳಿದಳು.

ಹೊರಗೆ ಗಂಡ ಎದ್ದು ನಿಂತ. "ಆಯ್ತಾ?"

"ಆಯ್ತು."

"ಮತ್ಯಾಕೆ ಮುಖ ಹಿಂಗೆ, ಮನೆ ಕಳ್ಕೊಂಡೋರ ಥರ?"

"ಪಾಪು ಒಂದೇ ಸಮ ಒದ್ದಾಡ್ತಿತ್ತು" ಎಂದು ತಪ್ಪನ್ನು ಮಗುವಿನ ಮೇಲೆ ಹಾಕಿದಳು. ಏನೂ ಅರಿಯದ ಮಗು ಅಪ್ಪನ ಮೂಗು ಹಿಡಿದು ನಕ್ಕಿತು.

ಆವತ್ತು ಸಂಜೆಯೇ ಉದ್ದಪ್ಪನಿಗೆ ಹೇಳಿಬಿಡಬೇಕೆಂದುಕೊಂಡಳು. ಫೋನು ಕೈಗೆತ್ತಿಕೊಂಡವಳು ಮಗುವಿನ ಬಟ್ಟೆ ಮಡಚಲು ಕೂತಳು. ಮರುದಿನ ಪ್ರಯೋಗಾಲಯದಲ್ಲಿ ಕೆಲಸ. ಆಮೇಲೆ ಮಗುವಿಗೆ ನೆಗಡಿ. ನಾಳೆ ಅಂದೋರ ಮನೆ ಹಾಳು ಎಂದು ಅವಳ ಅಪ್ಪ ಹೊಲಿಗೆ ಯಂತ್ರ ತುಳಿಯುತ್ತಾ ಹೇಳುತ್ತಿದ್ದ ಮಾತು. ಇಲ್ಲಿ ನಾಳೆ ಅಂದವಳ ಮನೆ ಭದ್ರವಾಗಿಯೇ ಇತ್ತು, ಹಾಳಾಗುತ್ತಿದ್ದದ್ದು ಇನ್ನೊಬ್ಬನದು. ಅದು ಗೊತ್ತಿದ್ದೂ ದಿನ ದೂಡಿದಳು. ಬೀದಿಯಲ್ಲಿ ದೂರದಿಂದ ಎತ್ತರದ ಆಳು ಯಾರಾದರೂ ಕಂಡರೆ ಎದುರು ಬದಿಗೆ ದಾಟುತ್ತಿದ್ದಳು.

ಒಂದು ರಜೆಯ ಬೆಳಿಗ್ಗೆ ಅವನೇ ಬಂದ. ಹಣೆ ಚೌಕಟ್ಟಿಗೆ ಬಡಿಯಿತು, ಉಜ್ಜಿಕೊಳ್ಳಲೂ ಇಲ್ಲ.

"ಅಕ್ಕಾ, ನನ್ನ ಹೆಸರು ಈ ಮನೆಯಿಂದ ಕಿತ್ತಾಕಿದಾರೆ! ನವೀಕರಣಕ್ಕೆ ಕೊಟ್ಟಿದ್ದ ದಿನಾನೂ ರದ್ದು ಮಾಡಿದಾರೆ. ವಿಳಾಸ ತೋರಿಸದೆ ಇದ್ರೆ ದೇಶ ಬಿಡು ಅಂತ ಬರೆದಿದಾರೆ. ಕೊನೇ ಪರೀಕ್ಷೆ ಒಂದು ಉಳಿದಿದೆ ಅಕ್ಕ. ಹೆಂಗಾದ್ರೂ ಮಾಡಿ."

ಅವಳು ಏನೂ ಆಗದವಳಂತೆ ಲ್ಯಾಪ್‌ಟಾಪ್ ತೆರೆದಳು. "ಕೂತ್ಕೋ, ಒಂದು ಮನವಿ ಬರೆಯೋಣ" ಅಂದಳು. ಆ ಮಾತು ಹೇಗೆ ಬಾಯಿಂದ ಬಂತೋ! ಅವನು ಕೂರಲಿಲ್ಲ. ಅಡುಗೆಮನೆಗೆ ಹೋಗಿ ಎಲ್ಲರಿಗೂ ಚಹಾಕ್ಕೆ ನೀರಿಟ್ಟ. ಮಗು ಅವನ ಕಾಲಿಗೆ ಜೋತುಬಿದ್ದು ಎಳೆಸಿಕೊಂಡು ಓಡಾಡುತ್ತಿತ್ತು. ಗಂಡ ಬಾಗಿಲ ಬಳಿ ಶೂ ಉಜ್ಜುತ್ತಾ ಕೂತಿದ್ದ.

"ಯಾರೋ ಚಾಡಿ ಹೇಳಿದಾರೆ" ಎಂದ ಉದ್ದಪ್ಪ ಒಳಗಿನಿಂದ. "ಯಾರೋ ಏನು, ನನ್ನ ರೂಮಿನವನೇ. ಮೊನ್ನೆ ಪಾತ್ರೆ ತೊಳೆಯೋ ವಿಚಾರಕ್ಕೆ ಜಗಳ ಆಗಿತ್ತು. ಅದನ್ನೇ ಮನಸಲ್ಲಿಟ್ಕೊಂಡು ಹೋಗಿ ಊದಿದಾನೆ. ಬಿಡಲಿಲ್ಲ ನಾನೂ, ಬಾಯಿಗೆ ಬಂದಂಗೆ ಬೈದೆ. ಆ ಬಾಯಿಗೆ ಹುಳ ಬೀಳಲಿ ಅಂದೆ. ಅವನು ಅಳ್ತಾ ಆಣೆ ಪ್ರಮಾಣ ಮಾಡ್ತಾನೆ, ನಾಟಕಗಾರ!"

ಅವಳ ಬೆರಳು ಕೀಲಿಗಳ ಮೇಲೆ ನಿಂತವು. ಆ ರೂಮಿನ ಹುಡುಗನನ್ನು ಅವಳು ಒಂದೆರಡು ಸಲ ನೋಡಿದ್ದಳು. ಮಾತಾಡಿದರೆ ಸವೆದುಹೋಗುತ್ತೇನೆ ಅನ್ನುವ ಹಾಗಿದ್ದ ಸಣ್ಣ ಹುಡುಗ.

"ಅವನನ್ನ ಬೈಬೇಡ. ಅವನಲ್ಲ."

"ನಿಮಗೆ ಅವನ ಬುದ್ಧಿ ಗೊತ್ತಿಲ್ಲ ಅಕ್ಕ."

"ಅವನಲ್ಲಪ್ಪ. ನಾನು."

ಬಾಗಿಲ ಬಳಿ ಗಂಡ ಶೂ ಉಜ್ಜುವುದು ನಿಂತಿತು. ಅವಳು ಪರದೆಯನ್ನೇ ನೋಡುತ್ತಾ, ಕೌಂಟರಿನಲ್ಲಿ ಆದದ್ದನ್ನೆಲ್ಲ ಹೇಳಿದಳು. ಯಾವ ಮಾತನ್ನೂ ನುಂಗಲಿಲ್ಲ. ನುಂಗಿದರೆ ಮತ್ತೆಂದೂ ಹೊರಬರುವುದಿಲ್ಲವೆಂದು ಗೊತ್ತಿತ್ತು.

ಉದ್ದಪ್ಪ ಒಲೆ ಆರಿಸಿ ಬಂದು ಬಾಗಿಲಲ್ಲಿ ಬಗ್ಗಿ ನಿಂತ.

"ಒಂದು ಮಾತು ಹೇಳಿದ್ರೆ ನಾನೇ ಹೋಗಿ ಹೆಸರು ತೆಗೆಸ್ತಿದ್ನಲ್ಲ ಅಕ್ಕ. ಪಾಪು ಕಾರ್ಡಿನ ಮುಂದೆ ನನ್ನದೇನು ಮಹಾ? ಮುಂಚೆನೇ ಗೊತ್ತಾಗಿದ್ರೆ ಬೇರೆ ಕಡೆ ಎಲ್ಲಾದ್ರೂ ಹುಡುಕ್ಕೋತಿದ್ದೆ." ಸ್ವಲ್ಪ ತಡೆದು, "ಪರಿಚಯ ಇಲ್ಲ ಅಂದ್ರಾ?" ಎಂದು ಕೇಳಿದ. ಕೇಳಿ ನಕ್ಕ. ಬೈದಿದ್ದರೆ ಅವಳು ತಲೆ ಎತ್ತುತ್ತಿದ್ದಳೇನೋ. ಆ ನಗೆಗೆ ಅವಳ ಮುಖ ಕಿವಿಯ ತುದಿಯವರೆಗೂ ಕಾಯ್ದುಹೋಯಿತು.

ಗಂಡ ಶೂ ಕೆಳಗಿಟ್ಟ. "ಇವಳಿಗೆ ಮಂಗಳಾರತಿ ಆಮೇಲೆ ಎತ್ತೋಣ" ಎಂದು ಅವಳ ಕಡೆ ತಿರುಗಿದ. "ಈಗ ದಾರಿ ಏನು ಹೇಳು. ಕಾನೂನು ಗೊತ್ತಿರೋದು ನಿನಗೇ ತಾನೇ?"

ದಾರಿ ಇತ್ತು. ಉಳಿದ ಇಬ್ಬರ ಹೆಸರು ಹೋದಮೇಲೆ ಆ ಮನೆಗೆ ಇನ್ನೊಬ್ಬನನ್ನು ಸೇರಿಸುವಷ್ಟು ಜಾಗ ಲೆಕ್ಕಕ್ಕೆ ಸಿಗುತ್ತಿತ್ತು. ಆದರೆ ಅವನು ನಿಜವಾಗಿ ಅಲ್ಲಿರಬೇಕು. ನರ್ಸಮ್ಮ ಮತ್ತೆ ಸಹಿ ಹಾಕಬೇಕು. ತಾನು ಆವತ್ತು ಹೇಳಿದ್ದು ಸುಳ್ಳೆಂದು ಅವಳೇ ಅದೇ ಕೌಂಟರಿಗೆ ಹೋಗಿ ಹೇಳಬೇಕು.

"ಹಾಸಿಗೆ ತಗೊಂಡು ಬಾ" ಅಂದಳು. "ಈ ಸಲ ಬರೀ ಹೆಸರಲ್ಲ, ನೀನೇ ಬಂದಿರು."

ಉದ್ದಪ್ಪ ಗಂಡನ ಮುಖ ನೋಡಿದ. "ಭಾವ?"

"ಕಾಲು ಎಲ್ಲಿಡ್ತೀಯ ಅನ್ನೋದೊಂದೇ ನನ್ನ ಚಿಂತೆ. ಅಡುಗೆಮನೆವರೆಗೂ ಬರುತ್ತೆ."

ಉದ್ದಪ್ಪ ಹಾಸಿಗೆ ಪೆಟ್ಟಿಗೆ ಹೊತ್ತುತಂದ. ನರ್ಸಮ್ಮನ ಮುಂದೆ ನಿಲ್ಲುವುದು ಅವನೆದುರು ಒಪ್ಪಿಕೊಂಡದ್ದಕ್ಕಿಂತ ಕಷ್ಟವಾಯಿತು. ಚಿಕ್ಕಮ್ಮನಿಗೆ ಇರುವುದು ಒಬ್ಬಳೇ ಮಗಳೆಂದೂ, ಸಹಿ ಹಾಕಿಸಿಕೊಂಡ ಯಾರೂ ಒಂದು ದಿನವೂ ಮೇಲೆ ಮಲಗಿರಲಿಲ್ಲವೆಂದೂ ಅವಳು ಹೇಳಿದಾಗ, ಆ ಮುದುಕಿ ಸಿಟ್ಟಾಗಲಿಲ್ಲ. ಕುರ್ಚಿಯ ಕೈ ಹಿಡಿದು ಎದ್ದು, "ಹಾಸಿಗೆ ತೋರಿಸು" ಅಂದರು. ಮಂಡಿ ನೋವಿನಲ್ಲಿ ಒಂದೊಂದೇ ಮೆಟ್ಟಿಲು ಹತ್ತಿದರು. ಕೈ ಹಿಡಿಯಹೋದ ಅವಳಿಗೆ ಬೇಡವೆಂದರು. ಉದ್ದಪ್ಪನ ಹಾಸಿಗೆ, ಗೋಡೆಗೆ ಒರಗಿಸಿದ ಪೆಟ್ಟಿಗೆ, ಹಗ್ಗದ ಮೇಲಿನ ಅಂಗಿ ಎಲ್ಲ ನೋಡಿದರು. ಅಂಗಿಯ ತೋಳಿನ ಉದ್ದ ಹಿಡಿದು ಅವನ ತೋಳಿಗೆ ಹೋಲಿಸಿದರು. ಕೆಳಗಿಳಿದು, ಕನ್ನಡಕ ಹಾಕಿಕೊಂಡು, ಹಾಳೆಯ ಪ್ರತಿಯೊಂದು ಸಾಲನ್ನೂ ತುಟಿ ಅಲುಗಿಸುತ್ತಾ ಓದಿದರು.

"ನಿಜ ಹೇಳಿ ಕೇಳಿದ್ದರೂ ಹಾಕುತ್ತಿದ್ದೆ" ಎಂದು ಸಹಿ ಮಾಡಿ ಕೊಟ್ಟರು. ಮಗುವಿನ ಕೆನ್ನೆ ಸವರಿದರು. ಅವಳ ಕಡೆ ನೋಡಲಿಲ್ಲ.

ಕೌಂಟರಿನಲ್ಲಿ ಅದೇ ಹೆಂಗಸು. ಸಾಲಿನಲ್ಲಿ ಅವಳಿಂದಲೇ ಕಾಗದ ಜೋಡಿಸುವುದು ಕಲಿತಿದ್ದ ಹುಡುಗಿಯರಿಬ್ಬರು ನಿಂತಿದ್ದರು. "ವಿಳಾಸದಕ್ಕ ಬಂದ್ರು, ಇನ್ನು ನಮಗೆ ಭಯ ಇಲ್ಲ" ಎಂದು ಕೈಬೀಸಿದರು.

"ಹೋದ ಸಲ ಇವರ ಪರಿಚಯ ಇಲ್ಲ ಅಂದಿದ್ದಿರಿ" ಎಂದಳು ಕೌಂಟರಿನ ಹೆಂಗಸು, ಗಾಜಿನ ಆಚೆಯಿಂದ ಎಲ್ಲರಿಗೂ ಕೇಳುವಂತೆ.

"ಸುಳ್ಳು ಹೇಳಿದ್ದೆ."

"ಯಾಕೆ?"

"ಹೆದರಿದ್ದೆ" ಅಂದಳು. ಉದ್ದಪ್ಪ ಪಕ್ಕದಲ್ಲೇ ಇದ್ದ. ಹುಡುಗಿಯರ ಮಾತು ನಿಂತದ್ದು ಬೆನ್ನಿಗೆ ತಿಳಿಯಿತು.

ಹೆಂಗಸು ಒಳಗೆ ಹೋಗಿ ಮೇಲಿನ ಅಧಿಕಾರಿಯನ್ನು ಕರೆತಂದಳು. ಅವರು ಎಲ್ಲವನ್ನೂ ಮೊದಲಿನಿಂದ ಇನ್ನೊಮ್ಮೆ ಹೇಳಿಸಿದರು. ಕೊನೆಗೆ ಉದ್ದಪ್ಪನ ಹೆಸರು ನೋಂದಾಯಿಸಿ, ಅವನ ನವೀಕರಣಕ್ಕೆ ಹೊಸ ದಿನ ಕೊಟ್ಟರು. ಅವಳ ಕಾರ್ಡಿನ ಮೇಲೆ ಮರುಪರಿಶೀಲನೆ ಎಂದು ಬರೆದರು. ಇನ್ನು ಮೇಲೆ ಪ್ರತಿ ಸಲವೂ ಮನೆ ನೋಡಲು ಬರುತ್ತಾರೆ. ಅವಳ ಮಾತೊಂದೇ ಸಾಲದು.

ಬರುವಾಗ ಬಸ್ಸು ಅರ್ಧ ಖಾಲಿ. ಜೋಡಿ ಸೀಟಿನಲ್ಲಿ ಕಿಟಕಿಗೆ ಸರಿದು ಅವನಿಗೆ ಜಾಗ ಬಿಟ್ಟಳು.

"ಕೂತ್ಕೋ ಬಾರೋ."

"ಇರ್ಲಿ ಅಕ್ಕ" ಎಂದ ಉದ್ದಪ್ಪ, ಮೇಲಿನ ಕಂಬಿ ಹಿಡಿದು. "ನನ್ನ ಕಾಲು ಹಿಡಿಸಲ್ಲ ಅಲ್ಲಿ."

ಸೀಟು ನಿಜಕ್ಕೂ ಇಕ್ಕಟ್ಟಾಗಿತ್ತು. ಕಾಲು ಹಿಡಿಸದೆಯೇ ನಿಂತನೋ, ಪಕ್ಕ ಕೂರಲು ಮನಸ್ಸಾಗದೆ ನಿಂತನೋ ಅವಳಿಗೆ ತಿಳಿಯಲಿಲ್ಲ. ಇನ್ನೊಮ್ಮೆ ಕರೆಯುವ ಅಧಿಕಾರ ತನಗಿದೆ ಅನ್ನಿಸಲಿಲ್ಲ. ಬಿಟ್ಟ ಜಾಗವನ್ನು ಹಾಗೇ ಬಿಟ್ಟುಕೊಂಡು, ಕೈಚೀಲವನ್ನೂ ಅಲ್ಲಿಡದೆ ಮಡಿಲಲ್ಲೇ ಇಟ್ಟುಕೊಂಡು, ಇಳಿಯುವವರೆಗೂ ಕೂತಿದ್ದಳು.