ಇಂಕಾ ದಾರಿಯಲ್ಲಿ ಹುಷಾರು ತಪ್ಪಿದವಳು

ಪೆರು ದೇಶಕ್ಕೆ ಹೋಗಿ ಇಂಕಾ ಜನ ಕಲ್ಲು ಹಾಸಿದ ಹಳೆಯ ದಾರಿಯಲ್ಲಿ ನಾಲ್ಕು ದಿನ ನಡೆಯಬೇಕು ಎಂಬ ಆಸೆ ನನ್ನದಲ್ಲ, ನನ್ನ ಗೆಳತಿಯದು. ಅವಳು ದಾವಣಗೆರೆಯವಳು, ನಾನು ಹಾಸನದವಳು. ಮದುವೆಯಾದ ಹೊಸತರಲ್ಲಿ ಸಿಡ್ನಿಗೆ ಬಂದಿಳಿದಾಗ ನಮ್ಮ ಎರಡು ಸಂಸಾರಗಳೂ ಬ್ಲ್ಯಾಕ್‌ಟೌನ್‌ನ ಒಂದೇ ಫ್ಲ್ಯಾಟಿನಲ್ಲಿ ರೆಂಟ್ ಹಂಚಿಕೊಂಡು ಎರಡು ವರ್ಷ ಇದ್ದೆವು. ನನ್ನ ಮಗಳಿಗೆ ಮೊದಲ ಸ್ನಾನ ಮಾಡಿಸಿದವಳು ಅವಳೇ. ಆಮೇಲೆ ಅವಳ ಗಂಡನಿಗೆ ಮೆಲ್ಬರ್ನ್‌ನಲ್ಲಿ ಕೆಲಸವಾಗಿ ಅವರು ಅಲ್ಲಿನ ಪಾಯಿಂಟ್ ಕುಕ್‌ಗೆ ಹೋದರು. ನಾವು ಸಿಡ್ನಿಯಲ್ಲೇ ಕೆಲ್ಲಿವಿಲ್‌ನಲ್ಲಿ ಮನೆ ಮಾಡಿದೆವು. ಭಾನುವಾರದ ಫೋನು ಮಾತ್ರ ಒಂದು ವಾರವೂ ತಪ್ಪಲಿಲ್ಲ.

ಅಂಥ ಒಂದು ಭಾನುವಾರ ಅವಳು ಹೇಳಿದಳು: "ಮಕ್ಳು, ಆಫೀಸು, ಮಾರ್ಟ್‌ಗೇಜು ಅಂತ ಬರೀ ಓಡಿದ್ದೇ ಆಯ್ತು. ಒಂದ್ಸಲ ನಮ್ಗೋಸ್ಕರ ನಡೆಯೋಣ ಕಣೆ."

ನಾನು ಒಪ್ಪಿದೆ. ಒಪ್ಪಿದ್ದಕ್ಕೆ ಅರ್ಧ ಕಾರಣ ನನ್ನ ಗಂಡ. ವಿಷಯ ಕೇಳಿದವರೇ ಜೋರಾಗಿ ನಕ್ಕುಬಿಟ್ಟರು. "ನಮ್ಮನೆ ಮಹಡಿ ಹತ್ತಿದ್ರೇ ಏದುಸಿರು ಬಿಡ್ತೀಯ. ನೀನು ಆ ಬೆಟ್ಟಕ್ಕಾ?" ಕೆಟ್ಟ ಮನುಷ್ಯ ಅಲ್ಲ ಅವರು. ಆದರೆ ನನ್ನನ್ನು ತಮಾಷೆ ಮಾಡುವುದು ನಮ್ಮ ಮನೆಯಲ್ಲಿ ಟಿವಿ ಹಾಕಿದಷ್ಟೇ ಸಹಜವಾಗಿ ನಡೆದುಬಂದಿತ್ತು. ಮಗಳೂ ಅದರಲ್ಲಿ ಸೇರಿಕೊಳ್ಳುತ್ತಿದ್ದಳು. ಈ ಸಲ ಮಾಡಿ ತೋರಿಸುತ್ತೇನೆ ಅಂದುಕೊಂಡೆ.

ಮಾಡಿ ತೋರಿಸುವುದಕ್ಕೆ ಬೇಕಾದ್ದನ್ನು ಮಾತ್ರ ಮಾಡಲಿಲ್ಲ. ಗೆಳತಿ ಪ್ರತಿ ಶನಿವಾರ ಮೆಲ್ಬರ್ನ್‌ನ ಆಚೆ ತುದಿಗೆ ಕಾರು ಓಡಿಸಿಕೊಂಡು ಹೋಗಿ, ಅಲ್ಲಿನ ಗುಡ್ಡದ ಸಾವಿರ ಮೆಟ್ಟಿಲನ್ನು ಬೆನ್ನಿಗೆ ಅಕ್ಕಿಯ ಪೊಟ್ಟಣ ಕಟ್ಟಿಕೊಂಡು ಎರಡೆರಡು ಸಲ ಹತ್ತಿ ಇಳಿಯುತ್ತಿದ್ದಳು. ನಾನು ಸಿಡ್ನಿ ಹತ್ತಿರದ ಬ್ಲೂ ಮೌಂಟನ್ಸ್‌ಗೆ ಹೋಗಿ ಅಲ್ಲಿನ ಕಡಿದಾದ ಮೆಟ್ಟಿಲು ಇಳಿದು ಹತ್ತಬೇಕು ಎಂದು ಮಾತಾಗಿತ್ತು. ಮೊದಲ ಸಲ ಹೋದಾಗ ನಲವತ್ತು ಮೆಟ್ಟಿಲು ಇಳಿದು, ಹತ್ತುವಾಗ ಮಂಡಿ ನೋವೆನಿಸಿ, ಅಲ್ಲೇ ಪಕ್ಕದ ಕೆಫೆಯಲ್ಲಿ ಕೂತೆ. ಮುಖಕ್ಕೆ ಸ್ವಲ್ಪ ನೀರು ಚಿಮುಕಿಸಿಕೊಂಡು, ಕಣಿವೆ ಹಿಂದೆ ಕಾಣುವ ಹಾಗೆ ಒಂದು ಸೆಲ್ಫಿ ತೆಗೆದು ಅವಳಿಗೆ ಕಳಿಸಿದೆ. "ಸೂಪರ್ ಕಣೆ!" ಎಂದು ಉತ್ತರ ಬಂತು. ಆಮೇಲೆ ಮೂರು ಶನಿವಾರ ಅದನ್ನೇ ಮಾಡಿದೆ. ಕೊನೆಕೊನೆಗೆ ಹೋಗುವುದನ್ನೂ ಬಿಟ್ಟು, ಮೊದಲೇ ತೆಗೆದಿಟ್ಟಿದ್ದ ಫೋಟೋಗಳನ್ನು ಕಳಿಸಿದೆ.

ಇನ್ನೊಂದಿದೆ. ಎತ್ತರದ ಜಾಗದಲ್ಲಿ ಉಸಿರು ಕಟ್ಟದಿರಲೆಂದು ಡಾಕ್ಟರು ಇಬ್ಬರಿಗೂ ಮಾತ್ರೆ ಬರೆದುಕೊಟ್ಟಿದ್ದರು. ಅದನ್ನು ನುಂಗಿದರೆ ಬೆರಳು ಜುಂ ಅನ್ನುತ್ತಿತ್ತು, ಪದೇ ಪದೇ ಬಾತ್‌ರೂಮಿಗೆ ಓಡಬೇಕಾಗುತ್ತಿತ್ತು. ಕುಸ್ಕೋ ಊರಿಗೆ ಹೋಗಿ ಇಳಿದ ಎರಡನೆಯ ದಿನ ನಾನು ಮಾತ್ರೆ ನಿಲ್ಲಿಸಿದೆ. "ತಗೊಂಡ್ಯಾ?" ಎಂದು ಅವಳು ಬೆಳಿಗ್ಗೆ ಬೆಳಿಗ್ಗೆ ಕೇಳುವಾಗ "ಹೂಂ" ಅನ್ನುತ್ತಿದ್ದೆ.

ಮೊದಲ ದಿನದ ನಡಿಗೆ ನದಿಯ ಪಕ್ಕದಲ್ಲಿ, ಹೆಚ್ಚು ಏರಿಲ್ಲದ ದಾರಿ. ನಮ್ಮ ತಂಡದಲ್ಲಿ ಹತ್ತು ಜನ. ಒಬ್ಬ ಗೈಡು, ಅವನ ಜೊತೆಗೆ ಮೂವತ್ತೈದರ ಆಸುಪಾಸಿನ ಒಬ್ಬ ಸಹಾಯಕ ಗೈಡ್ ಹೆಂಗಸು, ಡೇರೆ ಮತ್ತು ಅಡುಗೆ ಸಾಮಾನು ಹೊತ್ತು ನಮಗಿಂತ ಮುಂದೆ ಓಡುತ್ತಿದ್ದ ಅಲ್ಲಿನ ಗಂಡಸರು. ಗೆಳತಿ ಕಲ್ಲು ಕಲ್ಲನ್ನೂ ಮುಟ್ಟಿ ನೋಡುತ್ತ ನಡೆಯುತ್ತಿದ್ದಳು. "ಸಿಮೆಂಟಿಲ್ಲ, ಗಾರೆ ಇಲ್ಲ, ಹೆಂಗ್ ಕೂರ್ಸಿದಾರೆ ನೋಡೇ" ಅನ್ನುತ್ತಿದ್ದಳು. ನನಗೆ ಆಗಲೇ ತಲೆ ಹಿಡಿದುಕೊಂಡಿತ್ತು. ಹೇಳಲಿಲ್ಲ.

ಎರಡನೆಯ ದಿನ ಆ ದಾರಿಯಲ್ಲೇ ಅತಿ ಎತ್ತರದ ಘಾಟಿ ದಾಟಬೇಕು. ಅದನ್ನು ಹತ್ತಿ ಇಳಿದರೆ ಆಮೇಲೆ ಕಷ್ಟವಿಲ್ಲ ಎಂದು ಗೈಡು ಹೇಳಿದ್ದ. ಕಾಡು ಮುಗಿದು ಹುಲ್ಲುಗಾವಲು ಶುರುವಾದ ಕಡೆ ನಾನು ವಾಂತಿ ಮಾಡಿಕೊಂಡೆ. ಇನ್ನೊಂದು ಅರ್ಧ ಗಂಟೆ ಎಳೆದುಕೊಂಡು ನಡೆದು ಮತ್ತೆ ವಾಂತಿ. ಕಾಲು ಇಡಬೇಕೆಂದ ಕಡೆ ಬೀಳುತ್ತಿರಲಿಲ್ಲ. ಗೈಡು ನನ್ನ ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ ಹಾಕಿ ನೋಡಿ ತಲೆಯಾಡಿಸಿದ. ಇವರು ಇಳಿಯಲೇಬೇಕು, ಸಹಾಯಕಿ ಕರೆದುಕೊಂಡು ಹೋಗುತ್ತಾಳೆ, ಉಳಿದವರು ಮುಂದೆ ನಡೆಯಿರಿ ಎಂದ. ಗೆಳತಿ ಗಾಬರಿಯಿಂದ ತಾನೂ ಇಳಿಯಬೇಕಾ ಎಂದು ಕೇಳಿದಳು. ಬೇಕಿಲ್ಲ, ಸಹಾಯಕಿಗೆ ಇದೆಲ್ಲ ಅಭ್ಯಾಸ, ಕೆಳಗಿಳಿದರೆ ಸರಿಹೋಗುತ್ತಾರೆ, ಆದರೆ ನೀವೂ ಇಳಿದರೆ ಈ ದಾರಿಯಲ್ಲಿ ನಡೆಯುವ ನಿಮ್ಮ ಪರ್ಮಿಟ್ಟೂ ಅಲ್ಲಿಗೆ ಮುಗಿಯಿತು ಎಂದು ಅವನು ಸ್ಪಷ್ಟವಾಗಿಯೇ ಹೇಳಿದ.

ಅದನ್ನು ನಾನೂ ಕೇಳಿಸಿಕೊಂಡೆ. ಕೇಳಿಸಿಕೊಂಡೇ ಅಳುತ್ತ ಅವಳ ಜಾಕೆಟ್ಟಿನ ತೋಳು ಹಿಡಿದೆ. "ನನ್ನ ಬಿಟ್ಟು ಹೋಗ್ಬೇಡ ಕಣೆ. ನಂಗೇನೋ ಆಗತ್ತೆ."

ಅವಳು ಒಮ್ಮೆ ಮೇಲೆ ನೋಡಿದಳು. ಘಾಟಿಯ ತುದಿ ಕಾಣುತ್ತಿತ್ತು. ಅಲ್ಲಿ ತಲುಪಿದ ಬೇರೆ ತಂಡದವರು ಕೈ ಬೀಸುವುದೂ ಕಾಣುತ್ತಿತ್ತು. ಇನ್ನು ಒಂದು ಗಂಟೆಯ ದಾರಿ. ಆಮೇಲೆ ನನ್ನ ಬ್ಯಾಗನ್ನು ತನ್ನ ಹೆಗಲಿಗೆ ಹಾಕಿಕೊಂಡು, "ಬಾ, ಇಳಿಯೋಣ" ಎಂದಳು. ಅಷ್ಟೇ. ಕೆಳಗಿಳಿಯುವವರೆಗೂ ನನ್ನ ಸೊಂಟ ಬಳಸಿ ಹಿಡಿದಿದ್ದಳು.

ಮಾರನೆಯ ದಿನ ಸಂಜೆ ರೈಲು ನಿಲ್ದಾಣವಿರುವ ಒಂದು ಸಣ್ಣ ಊರಿಗೆ ಬಂದೆವು. ತಲೆನೋವು ಮಾಯವಾಗಿತ್ತು, ಹಸಿವಾಗುತ್ತಿತ್ತು. ಗೆಳತಿ ನನಗೆ ಔಷಧಿ ತರಲು ಅಂಗಡಿಗೆ ಹೋಗಿದ್ದಳು. ಫೋನಿಗೆ ಸಿಗ್ನಲ್ ಬಂದದ್ದೇ ತಡ, ಗಂಡನ ಕರೆ ಬಂತು.

"ಇನ್ನೂ ನಡೀತಾ ಇರ್ಬೇಕಲ್ವಾ ನೀವು? ಫೋನ್ ಹೆಂಗೆ ಸಿಕ್ತು?"

"ವಾಪಸ್ ಬಂದ್ವಿ."

"ಯಾಕೆ, ಯಾರಿಗೆ ಹುಷಾರಿಲ್ಲ?" ಅಂದವರ ದನಿಯಲ್ಲಿ ಗಾಬರಿ ಇತ್ತು. ಅದರ ಹಿಂದೆ ಆ ನಗುವೂ ಕಾದು ನಿಂತಿದೆ ಅಂತ ನನಗೆ ಅನ್ನಿಸಿತು. ಇತ್ತೋ ಇಲ್ಲವೋ, ಈಗ ಹೇಳಲಾರೆ.

"ಅವಳಿಗೆ," ಎಂದೆ. "ತುಂಬಾ ವಾಂತಿ. ಒಬ್ಳನ್ನೇ ಹೆಂಗ್ ಕಳ್ಸೋದು? ಅದಕ್ಕೆ ನಾನೂ ಇಳಿದ್ಬಿಟ್ಟೆ."

ಅವರು, "ಒಳ್ಳೇದು ಮಾಡ್ದೆ. ನಿಜವಾಗ್ಲೂ," ಎಂದರು. ಅಂಥ ದನಿಯಲ್ಲಿ ಅವರು ನನ್ನ ಹತ್ತಿರ ಮಾತಾಡಿ ಎಷ್ಟು ಕಾಲವಾಗಿತ್ತೋ. ತಿರುಗಿ ನೋಡಿದರೆ ಗೆಳತಿ ಎರಡು ಮಾರು ದೂರದಲ್ಲಿ ಔಷಧಿ ಪೊಟ್ಟಣ ಹಿಡಿದು ನಿಂತಿದ್ದಳು. ಬಂದು ಪಕ್ಕದಲ್ಲಿ ಕೂತು, ಪೊಟ್ಟಣ ಹರಿದು ನೀರಿಗೆ ಹಾಕಿ ಅಲುಗಾಡಿಸಿ ಕೊಟ್ಟಳು. ಏನೂ ಕೇಳಲಿಲ್ಲ. ಕೇಳಿದ್ದರೆ ಆಗಲೇ ಸರಿಮಾಡುತ್ತಿದ್ದೆ ಎಂದು ಎಷ್ಟೋ ಸಲ ಸಮಾಧಾನ ಹೇಳಿಕೊಂಡಿದ್ದೇನೆ. ಅದೂ ಸುಳ್ಳೇ ಇರಬೇಕು.

ಸಿಡ್ನಿಗೆ ಬಂದ ಮೇಲೆ ಆ ಒಂದು ಮಾತು ಮನೆಯೆಲ್ಲ ಓಡಾಡಿತು. ಗಂಡ ಸಿಕ್ಕವರಿಗೆಲ್ಲ ಹೇಳಿದರು. ಕನ್ನಡದವರ ಒಂದು ಊಟದ ಕೂಟದಲ್ಲಿ ಯಾವುದೋ ಆಂಟಿ ನನ್ನ ಕೈ ಹಿಡಿದು, "ಈ ಕಾಲ್ದಲ್ಲಿ ಗೆಳತಿಗೋಸ್ಕರ ಯಾರಮ್ಮ ಹಂಗ್ ಎಲ್ಲಾ ಬಿಟ್ಟು ಬರ್ತಾರೆ" ಎಂದು ಕಣ್ಣು ಒದ್ದೆ ಮಾಡಿಕೊಂಡರು. ಮಗಳು ಸ್ಕೂಲಿನಲ್ಲಿ ನನ್ನ ಬಗ್ಗೆ ಎದ್ದು ನಿಂತು ಮಾತಾಡಿದಳಂತೆ. ಇಷ್ಟಕ್ಕೆಲ್ಲ ನನಗೆ ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಆದರೆ ಅದರ ಜೊತೆಗೇ ಸುಖವೂ ಇತ್ತು. ಮನೆಯಲ್ಲಿ ತಮಾಷೆ ನಿಂತಿತ್ತು. ನಾನು ಮಾತಾಡಿದರೆ ಇಬ್ಬರೂ ಕಿವಿಗೊಡುತ್ತಿದ್ದರು. ಅದನ್ನು ಕಳೆದುಕೊಳ್ಳಲು ಮನಸ್ಸು ಬರಲಿಲ್ಲ.

ಜುಲೈ ರಜೆಯಲ್ಲಿ ನಾವು ಮೂವರೂ ಮೆಲ್ಬರ್ನ್‌ಗೆ ಹೋದೆವು. ಬೇಡವೆಂದು ತಪ್ಪಿಸಲು ನೋಡಿದೆ, ಕಾರಣ ಹೇಳಲಾಗಲಿಲ್ಲ. ಪಾಯಿಂಟ್ ಕುಕ್‌ನ ಅವರ ಮನೆಯಲ್ಲಿ ಮಧ್ಯಾಹ್ನದ ಊಟ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಎಲ್ಲವೂ ನನಗೆ ಇಷ್ಟವೆಂದು ಮಾಡಿದ್ದಳು. ನನ್ನ ಗಂಡ ಎರಡನೆಯ ರೊಟ್ಟಿ ಮುರಿಯುತ್ತ ಗೆಳತಿಗೆ, "ಈಗ ಹುಷಾರಾಗಿದೀರಲ್ಲ? ಅವತ್ತು ಇವಳು ಜೊತೇಲಿ ಇಳಿದಿದ್ದು ಒಳ್ಳೇದಾಯ್ತು ನೋಡಿ" ಎಂದರು.

ಗೆಳತಿ ನನ್ನನ್ನು ನೋಡಿದಳು. ಕಾಯುತ್ತಿದ್ದಳು ಎಂದು ಈಗ ಗೊತ್ತು. ನಾನು ತಲೆ ತಗ್ಗಿಸಿದೆ.

"ಹೌದು," ಎಂದಳು ಅವಳು. "ಪಾಪ, ಅವಳಿಗೂ ತಪ್ಪೋಯ್ತು."

ಅವಳ ಗಂಡ ಎದ್ದು ಬಂದು ನನ್ನ ತಟ್ಟೆಗೆ ಇನ್ನೊಂದು ಸೌಟು ಎಣ್ಣೆಗಾಯಿ ಬಡಿಸಿ, "ಸಂಕೋಚ ಮಾಡ್ಕೋಬೇಡಿ, ತಗೊಳ್ಳಿ" ಎಂದರು.

ಅದಾಗಿ ಎರಡು ತಿಂಗಳಿಗೆ ಗೆಳತಿ ಫೋನಿನಲ್ಲಿ, ಬರುವ ಮೇ ತಿಂಗಳಿಗೆ ಮತ್ತೆ ಅದೇ ದಾರಿ ಬುಕ್ ಮಾಡಿದ್ದೇನೆ, ಈ ಸಲ ಒಬ್ಬಳೇ ಎಂದಳು. ನೀನೂ ಬಾ ಅನ್ನಲಿಲ್ಲ. ನಾನು ಅದನ್ನು ಊಟದ ಹೊತ್ತಿಗೆ ಬಾಯಿತಪ್ಪಿ ಮನೆಯಲ್ಲಿ ಹೇಳಿಬಿಟ್ಟೆ. ಗಂಡ ಚಿಂತೆಗೆ ಬಿದ್ದರು. ಆ ಶನಿವಾರ ಬ್ಲ್ಯಾಕ್‌ಟೌನ್‌ನಲ್ಲಿ ದಿನಸಿ ಕೊಂಡು ಕೆಲ್ಲಿವಿಲ್‌ಗೆ ವಾಪಸಾಗುವಾಗ ಕಾರಿನಿಂದಲೇ ಗೆಳತಿಯ ಗಂಡನಿಗೆ ಫೋನು ಮಾಡಿದರು. ಕಾರಿನ ಸ್ಪೀಕರಿನಲ್ಲಿ ಅವರ ದನಿ ದೊಡ್ಡದಾಗಿ ಕೇಳುತ್ತಿತ್ತು. ನಾನು ಪಕ್ಕದ ಸೀಟಿನಲ್ಲಿ, ಮಗಳು ಹಿಂದೆ.

"ನಾನು ಹೇಳ್ಬಾರ್ದು, ಆದ್ರೂ ಹೇಳ್ತೀನಿ," ಎಂದರು ನನ್ನ ಗಂಡ. "ಹೋದ ಸಲ ಅವ್ರಿಗೆ ಅಷ್ಟು ಸೀರಿಯಸ್ ಆಗಿತ್ತಲ್ಲ. ಮತ್ತೆ ಒಬ್ರನ್ನೇ ಕಳ್ಸೋದು ರಿಸ್ಕು. ಒಂದ್ಸಲ ಯೋಚ್ನೆ ಮಾಡಿ."

ಅವರಿಗೆ ನಿಜ ಗೊತ್ತಿದ್ದರೆ ಈಗ ಹೇಳುತ್ತಾರೆ ಎಂದು ನಾನು ಸ್ಪೀಕರನ್ನೇ ನೋಡಿದೆ.

"ಥ್ಯಾಂಕ್ಸ್ ರೀ," ಎಂದರು ಅವರು. "ನಿಮ್ಗೆ ಕಾಳಜಿ ಇದೆ, ಅದಕ್ಕೆ ಹೇಳ್ತಿದೀರ. ನಾನು ಅವಳ ಹತ್ರ ಮಾತಾಡ್ತೀನಿ."

ಹೌದು ಅನ್ನದೆ, ಇಲ್ಲವೂ ಅನ್ನದೆ ಜಾರಿಕೊಂಡ ಆ ದನಿ ಕೇಳಿದ ಕೂಡಲೇ ನನಗೆ ತಿಳಿಯಿತು. ಅವರಿಗೆ ಎಲ್ಲ ಗೊತ್ತಿದೆ. ಅವತ್ತು ಎಣ್ಣೆಗಾಯಿ ಬಡಿಸುವಾಗಲೂ ಗೊತ್ತಿತ್ತು.

"ಹುಷಾರು ತಪ್ಪಿದ್ದು ಅವಳಿಗಲ್ಲ, ನಂಗೆ," ಎಂದೆ.

ಗಂಡ ನನ್ನ ಕಡೆ ತಿರುಗಿದರು. "ಏನಂದೆ?"

"ವಾಂತಿ ಮಾಡ್ಕೊಂಡಿದ್ದು ನಾನು. ಅತ್ತಿದ್ದು ನಾನು. ಅವಳು ಆರಾಮಾಗಿದ್ಲು. ನನಗೋಸ್ಕರ ಇಳಿದ್ಲು. ನಾನು ಸುಳ್ಳು ಹೇಳ್ದೆ."

ಸ್ಪೀಕರಿನಿಂದ ಮೆಲ್ಲಗೆ ಮಾತು ಬಂತು: "ನೀವು ಪಕ್ಕದಲ್ಲೇ ಇದೀರಾ? ಬಿಡಿ, ಈಗ ಅದ್ಯಾಕೆ."

"ನಿಮ್ಗೆ ಯಾವಾಗಿಂದ ಗೊತ್ತು?" ಎಂದು ಕೇಳಿದೆ.

"ಅವಳು ಬಂದ ದಿನಾನೇ ಹೇಳಿದ್ಲು," ಎಂದರು. "ಯಾರಿಗೂ ಹೇಳ್ಬೇಡಿ ಅಂತಾನೂ ಅಂದ್ಲು."

ಗಂಡ ಫೋನು ಕಟ್ ಮಾಡಿ ಕಾರನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದರು. ಬೈಯಲಿಲ್ಲ. "ನನ್ ತಮಾಷೆ ನಿಂಗೆ ಅಷ್ಟು ಭಯ ಹುಟ್ಟಿಸಿತ್ತಾ?" ಎಂದಷ್ಟೇ ಕೇಳಿದರು. ಆ ಪ್ರಶ್ನೆಯ ಹಿಂದೆ ಅಡಗಿಕೊಂಡು ತಪ್ಪನ್ನೆಲ್ಲ ಅವರ ಮೇಲೆ ಹಾಕಿಬಿಡಬಹುದಿತ್ತು. ಬಾಯಿಯವರೆಗೂ ಬಂದಿತ್ತು. ಹಿಂದಿನಿಂದ ಮಗಳು, "ಆಂಟಿ ಅಷ್ಟು ದಿನ ಸುಮ್ನೆ ಇದ್ರಾ?" ಎಂದಳು. ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ ಕನ್ನಡದಲ್ಲಿ ಕೇಳಿದ್ದಳು. ಮನೆಗೆ ಹೋದ ಮೇಲೆ ಅವಳು ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಮುಂದಿನ ವಾರ ಒಬ್ಬಳೇ ವಿಮಾನ ಹತ್ತಿ ಮೆಲ್ಬರ್ನ್‌ಗೆ ಹೋದೆ. ಗೆಳತಿ ಏರ್‌ಪೋರ್ಟಿಗೆ ಬಂದಿದ್ದಳು. ಫ್ರೀವೇಯಲ್ಲಿ ಕಾರು ಓಡಿಸುತ್ತ ಅವಳು ಮುಂದೆಯೇ ನೋಡುತ್ತಿದ್ದುದರಿಂದ ನನಗೆ ಮಾತಾಡುವುದು ಸ್ವಲ್ಪ ಸುಲಭವಾಯಿತು. ಮಾತ್ರೆ ನಿಲ್ಲಿಸಿದ್ದು, ಕೆಫೆಯಲ್ಲಿ ಕೂತು ಫೋಟೋ ಕಳಿಸಿದ್ದು, ಎಲ್ಲ ಹೇಳಿದೆ.

"ಪ್ರಾಕ್ಟೀಸ್ ಮಾಡಿಲ್ಲ ಅಂತ ಗೊತ್ತಿತ್ತು," ಎಂದಳು. "ನಿನ್ನ ಶೂ ನೋಡಿದ್ರೇ ಗೊತ್ತಾಗ್ತಿತ್ತು. ಅಡಿ ಒಂಚೂರೂ ಸವೆದಿರ್ಲಿಲ್ಲ."

"ಮತ್ಯಾಕೆ ಇಳಿದೆ?"

"ನೀನು ಹೆದರಿದ್ದು ನಿಜ ಇತ್ತಲ್ಲ." ಲೇನ್ ಬದಲಿಸಿ ಮಾತು ಮುಂದುವರಿಸಿದಳು. "ಇಳಿದಿದ್ದಕ್ಕೆ ಬೇಜಾರಿಲ್ಲ ಕಣೆ. ಫೋನಲ್ಲಿ ಹೇಳಿದ್ದಕ್ಕೂ ಅಷ್ಟು ಬೇಜಾರಿಲ್ಲ, ಏನೋ ಬಾಯಿಗೆ ಬಂತು ಅಂದ್ಕೊಂಡೆ. ನನ್ನ ಮನೇಲಿ ಕೂತು, ನಾನು ಬಡಿದ ರೊಟ್ಟಿ ತಿಂತಾ, ನಿನ್ನ ಗಂಡ ಹೊಗಳ್ತಿದ್ರೆ ತಲೆ ತಗ್ಗಿಸಿದ್ಯಲ್ಲ. ಅವತ್ತು ನೀನು ನಂಗೆ ಬೇರೆ ಯಾರೋ ಅನ್ನಿಸ್ಬಿಟ್ಟೆ."

ಕ್ಷಮಿಸು ಎಂದೆ. ಅವಳು ಆಯಿತು ಅನ್ನಲಿಲ್ಲ, ಇಲ್ಲ ಅನ್ನಲೂ ಇಲ್ಲ. ಮನೆಗೆ ಕರೆದುಕೊಂಡು ಹೋಗಿ ಊಟ ಹಾಕಿ, ಸಂಜೆ ಮತ್ತೆ ಏರ್‌ಪೋರ್ಟಿಗೆ ಬಿಟ್ಟಳು.

ಮೇ ತಿಂಗಳಲ್ಲಿ ಅವಳು ಹೋಗಿ, ಘಾಟಿ ದಾಟಿ, ನಾಲ್ಕು ದಿನದ ದಾರಿ ಮುಗಿಸಿದಳು. ನನಗೆ ಫೋಟೋ ಕಳಿಸಲಿಲ್ಲ. ನನ್ನ ಮಗಳಿಗೆ ಕಳಿಸಿದ್ದಳು. ಮಗಳು ಸ್ವಲ್ಪ ಯೋಚಿಸಿ ಫೋನನ್ನು ನನ್ನ ಮುಂದೆ ಇಟ್ಟಳು. ಮಂಜಿನಲ್ಲಿ ಒದ್ದೆಯಾದ ಮುಖ, ತುಂಬು ನಗು, ಪಕ್ಕದಲ್ಲಿ ಗೊತ್ತಿಲ್ಲದ ಯಾರೋ ಹೆಂಗಸು ಅವಳ ಹೆಗಲ ಮೇಲೆ ಕೈ ಹಾಕಿ ನಿಂತಿದ್ದಳು. ಆ ಫೋಟೋ ಕಣ್ಣೆದುರು ಬಂದಾಗಲೆಲ್ಲ ಈಗಲೂ ಮುಖ ಬಿಸಿಯಾಗುತ್ತದೆ.

ನಾವು ಈಗಲೂ ಮಾತಾಡುತ್ತೇವೆ. ಪ್ರತಿ ಭಾನುವಾರ ಅಲ್ಲ. ಫೋನು ಹೆಚ್ಚಾಗಿ ನಾನೇ ಮಾಡುತ್ತೇನೆ. ಮಕ್ಕಳ ಓದು, ಮಂಡಿ ನೋವು, ಊರಿನ ಸುದ್ದಿ. ಅವಳು ಎಲ್ಲದಕ್ಕೂ ಉತ್ತರ ಕೊಡುತ್ತಾಳೆ, ಒಮ್ಮೊಮ್ಮೆ ಮೊದಲಿನ ಹಾಗೆ ನಗುತ್ತಾಳೆ. ಆದರೆ ತನ್ನ ಮನಸ್ಸಿನ ವಿಷಯ ಏನನ್ನೂ ನನಗೆ ಹೇಳುವುದಿಲ್ಲ. ನಾನೂ ಕೇಳುವುದಿಲ್ಲ.