ಮೈಲ್ಡ್ ಎಂದು ಬರೆಸಿದ ರಂಜಕ

ಈ ದೇಶದವರು ಅರ್ಧ ಜಗತ್ತನ್ನು ಹೇಗೆ ಆಳಿದರು ಎಂಬುದು ನನಗೆ ಬಹಳ ಕಾಲ ಅರ್ಥವಾಗಿರಲಿಲ್ಲ. ಸ್ಪರ್ಧೆಗಿಡುವ ಒಂದು ಬಾಟಲಿ ಚಟ್ನಿಗೆ ಅವರು ಬರೆದಿಟ್ಟ ನಿಯಮ ಓದಿದ ಮೇಲೆ ಅರ್ಥವಾಯಿತು. ಬಾಟಲಿ ಗಾಜಿನದೇ ಆಗಿರಬೇಕು. ಮುಚ್ಚಳದ ಮೇಲೆ ಯಾವ ಕಂಪನಿಯ ಹೆಸರೂ ಇರಬಾರದು. ಕಂಠದವರೆಗೆ ತುಂಬಿರಬೇಕು, ಒಳಗೆ ಗಾಳಿಯ ಗುಳ್ಳೆ ಕಾಣಬಾರದು. ಚೀಟಿ ನೆಟ್ಟಗೆ ಅಂಟಿರಬೇಕು. ಅದರಲ್ಲಿ ಚಟ್ನಿ ಯಾವುದು, ಯಾವಾಗ ಮಾಡಿದ್ದು, ಖಾರ ಎಷ್ಟು, ಅಂದರೆ ಮೈಲ್ಡೋ ಮೀಡಿಯಮ್ಮೋ ಹಾಟೋ, ಎಲ್ಲ ಇರಬೇಕು. ಇಷ್ಟೆಲ್ಲ ಆದ ಮೇಲೆ ರುಚಿಯೂ ಇದ್ದರೆ ಅವರದೇನೂ ತಕರಾರಿಲ್ಲ.

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಹುಬ್ಬಳ್ಳಿ ಕಡೆ ಖಾರ ಕುಟ್ಟುವ ಗಿರಣಿ ನಡೆಸಿದೆ. ನರ್ಸಾದ ಹೆಂಡತಿಗೆ ಶೆಫೀಲ್ಡಿನ ದೊಡ್ಡಾಸ್ಪತ್ರೆಯಲ್ಲಿ ಕೆಲಸ ಸಿಕ್ಕಾಗ ಅವಳ ಹಿಂದೆ ಬಂದೆ. ಇಲ್ಲಿ ಟ್ರಾಮ್ ಡಿಪೋದಲ್ಲಿ ಗಾಡಿ ತೊಳೆಯುತ್ತೇನೆ. ನಮ್ಮ ಕನ್ನಡದವರ ಯುಗಾದಿ ಊಟಕ್ಕೆ ಹೋದರೆ ಪಕ್ಕದಲ್ಲಿ ಕೂತವರು ತಪ್ಪದೆ ಕೇಳುತ್ತಾರೆ, "ನೀವು ಯಾವ ಹಾಸ್ಪಿಟಲ್?" ನಾನು ಟ್ರಾಮ್ ತೊಳೆಯುತ್ತೇನೆ ಎಂದ ಕೂಡಲೇ ಅವರಿಗೆ ಚಿತ್ರಾನ್ನ ಖಾಲಿಯಾಗುವ ಮುಂಚೆ ಇನ್ನೊಂದು ಸುತ್ತು ಹಾಕಿಸಿಕೊಳ್ಳಬೇಕೆಂಬುದು ನೆನಪಾಗುತ್ತದೆ. ನನಗೇನೂ ಬೇಸರವಿಲ್ಲ. ನಾನು ತೊಳೆದ ಟ್ರಾಮಿನಲ್ಲೇ ಅವರು ಹೋಗಿ ಬರುವುದು.

ಕೌನ್ಸಿಲ್‌ನವರು ಬಾಡಿಗೆಗೆ ಕೊಡುವ ತರಕಾರಿ ತುಂಡು ನೆಲಕ್ಕೆ ಇಲ್ಲಿ ಅಲಾಟ್‌ಮೆಂಟ್ ಎನ್ನುತ್ತಾರೆ. ನನ್ನ ತುಂಡಿನ ಪಕ್ಕದ್ದು ಒಬ್ಬ ಮುದುಕನದು. ನಿವೃತ್ತ ಬಸ್ ಡ್ರೈವರ್. ಚಳಿ ತಾಗದಂತೆ ಗಿಡ ಬೆಳೆಸುವ ತನ್ನ ಗಾಜಿನ ಮನೆಯ ಅರ್ಧವನ್ನು ನನಗೆ ಬಿಟ್ಟುಕೊಟ್ಟಿದ್ದ. ಅಡಿಗೆಮನೆಯ ಒಣ ಬ್ಯಾಡಗಿಯಿಂದ ಉದುರಿಸಿದ ಬೀಜ, ಬೆಂಕಿಯಂಥ ಲವಂಗಿ ಮೆಣಸಿನ ಬೀಜ ಎರಡೂ ಅಲ್ಲಿ ಗಿಡವಾಗಿ, ಹಣ್ಣಾಗಿ, ಇಂಗ್ಲೆಂಡಿನ ಬಿಸಿಲನ್ನು ನಾಚಿಸುವಷ್ಟು ಕೆಂಪಾದವು. ಮುದುಕನ ಇಂಗ್ಲಿಷು ಇಂಗ್ಲಿಷಿನಲ್ಲಿ ಧಾರವಾಡ ಕಡೆಯದು, ಒರಟು, ಪ್ರೀತಿಯದು. ಹಾಗಾಗಿ ಅವನ ಮಾತನ್ನು ನಮ್ಮ ಕಡೆಯ ಮಾತಿನಲ್ಲೇ ಬರೆಯುತ್ತೇನೆ. ಅವನಿಗೆ ತೊಂದರೆ ಆಗಲಾರದು. ಹೇಗೂ ಅವನು ಇದನ್ನು ಓದುವುದಿಲ್ಲ.

ಅವನಿಗೆ ಬದುಕಿನಲ್ಲಿ ಒಂದೇ ಒಂದು ಆಸೆ ಉಳಿದಿತ್ತು. ಅವನ ಅಕ್ಕ ಅವನಿರುವ ಬೀದಿಯಲ್ಲೇ ಇದ್ದಾಳೆ. ಊರಾಚೆ ಪ್ರತಿ ವರ್ಷ ನಡೆಯುವ ಕೃಷಿ ಪ್ರದರ್ಶನದಲ್ಲಿ ಚಟ್ನಿಗೆಂದು ಕೊಡುವ ಬಹುಮಾನದ ಕಪ್ಪು ಯಾವತ್ತೂ ಅವಳಿಗೇ. ಅವನು ಯಾವತ್ತೂ ಎರಡನೆಯವನು. ಕಪ್ಪನ್ನು ಆಕೆ ಕಪಾಟಿನಲ್ಲಿ ಇಡುವವಳಲ್ಲ. ಬೀದಿಗೆ ಮುಖ ಮಾಡಿದ ಕಿಟಕಿಯಲ್ಲಿ ಇಡುತ್ತಾಳೆ. ಅಂಗಡಿಗೆ ಹೋಗಬೇಕೆಂದರೆ ಮುದುಕ ಅದರ ಮುಂದೆಯೇ ಹಾಯಬೇಕು.

"ಆ ಕಪ್ಪು ಒಮ್ಮೆ, ಒಂದೇ ಒಮ್ಮೆ, ನನ್ನ ಕಿಟಕ್ಯಾಗ ಕುಂದರಬೇಕು ತಮ್ಮಾ," ಎಂದ ಒಂದು ದಿನ, ಟೊಮೆಟೊ ಗಿಡಕ್ಕೆ ಕಡ್ಡಿ ಕಟ್ಟುತ್ತಾ. "ಮೊಣಕಾಲು ಹೋಗ್ಯಾವು. ಈ ಸುಗ್ಗಿ ಮುಗದ ಮ್ಯಾಲ ಹೊಲ ಕೌನ್ಸಿಲ್‌ಗೆ ತಿರುಗಿ ಕೊಡಾಂವ. ಇದ ಕಡೀ ಟೊಮೆಟೊ."

"ಗೆಲ್ತೀ ಬಿಡು," ಎಂದೆ.

"ಬಾಯಿಮಾತು ಬ್ಯಾಡ. ಬ್ಯಾಸಗಿ ಪೂರ್ತಿ ನನ್ನ ಗಾಜಿನ ಮನೀ ತಿಂದೀ. ನಿನ್ನ ಆ ಕೆಂಪಂದೂ ಒಂದು ಬಾಟ್ಲಿ ಇಡು. ಹೆಚ್ಚು ಜನ ಇದ್ರ ಗೆದ್ದದ್ದಕ್ಕ ಮರ್ಯಾದಿ."

'ಕೆಂಪಂದು' ಎಂದರೆ ನಮ್ಮ ರಂಜಕ. ಹಣ್ಣು ಮೆಣಸಿನಕಾಯಿ, ಉಪ್ಪು, ಬೆಳ್ಳುಳ್ಳಿ, ಮೆಂತ್ಯ, ಇಂಗು ಸೇರಿಸಿ ರುಬ್ಬಿ, ನಿಂಬೆ ಹಿಂಡಿ ಇಡುವ ಖಾರ. ರೊಟ್ಟಿಯ ಅಂಚಿಗೆ ಇಷ್ಟೇ ಇಷ್ಟು ಹಚ್ಚಿಕೊಂಡು, ಮೇಲೆ ಹಸಿ ಎಣ್ಣೆ ಬಿಟ್ಟುಕೊಂಡು ತಿನ್ನುವುದು. ಮುದುಕ ಅದನ್ನು ಎಂದೂ ಬಾಯಿಗೆ ಹಾಕಿರಲಿಲ್ಲ. ನೋಡಿದರೇ ಬೆವರು ಬರುತ್ತದೆ ಎನ್ನುತ್ತಿದ್ದ.

ಬಾಟಲಿ ಕಂಠದವರೆಗೆ ತುಂಬಿದೆ. ಚೀಟಿ ಬರೆಯಲು ಅಕ್ಷರ ಚೆಂದವಿರುವ ಮಗಳನ್ನು ಕರೆದೆ. ಅವಳು ಇಲ್ಲೇ ಹುಟ್ಟಿದವಳು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವ ದೊಡ್ಡ ಮನುಷ್ಯಳು.

"ಮೈಲ್ಡ್, ಮೀಡಿಯಮ್ ಆರ್ ಹಾಟ್, ಅಪ್ಪಾ?"

"ಮೈಲ್ಡ್ ಅಂತ ಬರಿ."

"ಆರ್ ಯೂ ಶೂರ್?"

"ಬ್ಯಾಡಗಿ ಐತಿ ಅದು. ಬ್ಯಾಡಗಿ ಅಂದ್ರ ಬರೇ ಬಣ್ಣ. ಖಾರ ಎಲ್ಲಿರತೈತಿ ಅದ್ರಾಗ?"

ಒಲೆಯ ಮುಂದಿದ್ದ ಹೆಂಡತಿ ತಿರುಗಿ ನೋಡಿದಳು. "ರೀ, ಒಂದ್ ಹಿಡಿ ಲವಂಗಿ ಹಾಕೀರಲ್ಲ?"

"ನಮ್ಮವ್ವ ಎರಡು ಹಿಡಿ ಹಾಕತಿದ್ಲು. ಇಲ್ಲಿ ಮಂದಿ ನಾಲಿಗಿ ಸೂಕ್ಷ್ಮ ಅಂತ ನಾ ಒಂದ ಹಿಡಿಗೆ ನಿಲ್ಲಿಸೀನಿ. ಇನ್ನೂ ಎಷ್ಟು ಮೈಲ್ಡ್ ಮಾಡ್ಲಿ? ಹಾಲು ಹೊಯ್ಲಿ?"

ಮೆಣಸಿನಕಾಯಿಯ ವಿಷಯದಲ್ಲಿ ನನಗೆ ಪಾಠ ಹೇಳುವುದೆಂದರೆ ಮೀನಿಗೆ ಈಜು ಕಲಿಸಿದ ಹಾಗೆ. ಮಗಳು ಭುಜ ಕುಣಿಸಿ, ದುಂಡಗಿನ ಅಕ್ಷರದಲ್ಲಿ 'ಮೈಲ್ಡ್' ಎಂದು ಬರೆದಳು.

ಪ್ರದರ್ಶನದ ದಿನ ಆ ಬಿಳಿ ಡೇರೆಯೊಳಗೆ ಹೋದರೆ ನಿಜವಾಗಿ ಭಯಭಕ್ತಿ ಹುಟ್ಟುತ್ತದೆ. ಒಂದು ಮೇಜಿನ ಮೇಲೆ ಈರುಳ್ಳಿಗಳನ್ನು ಮದುವೆ ಗಂಡಿನ ಹಾಗೆ ಶೃಂಗಾರ ಮಾಡಿ ಕೂರಿಸಿದ್ದರು. ಇನ್ನೊಂದರ ಮೇಲೆ ಕೇಕುಗಳು. ಅವುಗಳಿಂದ ಒಂದೊಂದು ತುಂಡು ಕೊಯ್ದು ಗಂಭೀರವಾಗಿ ಒಳಗೆ ಇಣುಕುತ್ತಿದ್ದರು, ಶವಪರೀಕ್ಷೆಯ ಹಾಗೆ. ಚಟ್ನಿ ಮೇಜಿನ ಸುತ್ತ ಹಗ್ಗ ಕಟ್ಟಿದ್ದರು. ಹಗ್ಗದಾಚೆ ನಿಂತು ನೋಡಬಹುದು, ತುಟಿ ಬಿಚ್ಚಬಾರದು. ತೀರ್ಪುಗಾರ್ತಿ ಬಿಳಿ ಕೋಟು ತೊಟ್ಟ ಹಿರಿಯ ಹೆಂಗಸು. ಅವರ ಸಹಾಯಕ್ಕಿದ್ದವನು ಚೀಟಿ ನೋಡಿ ಬಾಟಲಿಗಳನ್ನು ಸಾಲಾಗಿ ಜೋಡಿಸುತ್ತಿದ್ದ. ಮೊದಲು ಮೈಲ್ಡ್, ನಂತರ ಮೀಡಿಯಮ್, ಕೊನೆಗೆ ಹಾಟ್. ಖಾರದ್ದನ್ನು ಮೊದಲೇ ತಿಂದು ನಾಲಿಗೆ ಕೆಡಬಾರದಲ್ಲ, ಅದಕ್ಕೆ. ಬಹಳ ವಿಚಾರ ಮಾಡಿದ ವ್ಯವಸ್ಥೆ.

ಮೈಲ್ಡ್ ಸಾಲಿನ ತಲೆಯಲ್ಲೇ ನನ್ನ ರಂಜಕ ಕೂತಿತು. ಅದರ ಪಕ್ಕದಲ್ಲಿ ಮುದುಕನ ಅಕ್ಕನ ಹಸಿರು ಟೊಮೆಟೊ ಚಟ್ನಿ. ಮುದುಕನದು ಮೀಡಿಯಮ್ ಸಾಲಿನ ಬಾಲದಲ್ಲಿ. ಅವನದೂ ಹಸಿರು ಟೊಮೆಟೊದ್ದೇ, ಆದರೆ ತನ್ನದರಲ್ಲಿ ಶುಂಠಿ ಮುಂದು ಎಂಬುದು ಅವನ ಹೆಮ್ಮೆ.

ತೀರ್ಪುಗಾರ್ತಿ ನನ್ನ ಬಾಟಲಿಯನ್ನು ಬೆಳಕಿಗೆ ಹಿಡಿದರು. ಬಣ್ಣಕ್ಕೆ ತಲೆದೂಗಿದರು. ನನ್ನ ಎದೆ ಒಂದು ಗೇಣು ಉಬ್ಬಿತು. ಆಮೇಲೆ ಚೀಟಿ ಓದಿ, ಅದರಲ್ಲಿ ಬರೆದದ್ದನ್ನು ನಂಬಿ, ಚಮಚದ ತುಂಬ ತುಂಬಿಕೊಂಡರು. ರೊಟ್ಟಿಯಿಲ್ಲ, ಎಣ್ಣೆಯಿಲ್ಲ, ಮೊಸರಿಲ್ಲ. ಶ್ಯಾವಿಗೆ ಪಾಯಸ ಬಾಯಿಗಿಟ್ಟುಕೊಳ್ಳುವ ಹಾಗೆ ಇಟ್ಟುಕೊಂಡರು.

ನಮ್ಮ ಕಡೆಯ ಹೆಂಗಸಾಗಿದ್ದರೆ ನನ್ನ ಏಳು ತಲೆಮಾರನ್ನೂ ಹರಸುತ್ತಿದ್ದಳು. ಇವರು ಚಮಚವನ್ನು ಮೆಲ್ಲಗೆ ಕೆಳಗಿಟ್ಟರು. ಕುತ್ತಿಗೆಯಿಂದ ಕೆಂಪು ಏರಿ ಕಿವಿಯವರೆಗೆ ಬಂತು. ಎರಡೂ ಕಣ್ಣಲ್ಲಿ ನೀರು. ಸಹಾಯಕನ ಕಡೆ ತಿರುಗಿ, "ಇಂಟರೆಸ್ಟಿಂಗ್," ಎಂದರು. ಇಷ್ಟು ವರ್ಷ ಇಲ್ಲಿ ಇದ್ದದ್ದಕ್ಕೆ ಆ ಪದದ ಅರ್ಥ ನನಗೆ ಗೊತ್ತು: ಬೈಯಲಾರದವರು ಬೈಯುವುದು ಹಾಗೆ.

ಅಲ್ಲಿಗೆ ನಿಲ್ಲಿಸಿ ನೀರು ಕೇಳಿದ್ದರೆ ಆಗಿಹೋಗುತ್ತಿತ್ತು. ಆದರೆ ನಿಲ್ಲಿಸಿದರೆ ಏನೋ ಆಗಿದೆ ಎಂದು ಒಪ್ಪಿಕೊಂಡ ಹಾಗಲ್ಲವೇ? ಹೊಸ ಚಮಚ ತೆಗೆದುಕೊಂಡು ಸೀದಾ ಅಕ್ಕನ ಬಾಟಲಿಗೆ ಹಾಕಿದರು. ಬಾಯಿಗಿಟ್ಟುಕೊಂಡರು. ಮುಖದಲ್ಲಿ ಏನೂ ಇಲ್ಲ. ಇನ್ನೊಂದು ಚಮಚ. ಆಗಲೂ ಏನಿಲ್ಲ. ಆ ನಾಲಿಗೆಯ ಮೇಲೆ ಆಗ ಟ್ರಾಮ್ ಓಡಿಸಿದ್ದರೂ ತಿಳಿಯುತ್ತಿರಲಿಲ್ಲ. ಬಗ್ಗಿ, ಏನೋ ಬರೆದರು.

ನಾನು ಬಾಯಿ ತೆರೆಯಬೇಕು ಎನ್ನುವಷ್ಟರಲ್ಲಿ ಮುದುಕ ನನ್ನ ಮೊಣಕೈ ಹಿಡಿದ.

"ಸುಮ್ನಿರು," ಎಂದ, ತುಟಿ ಅಲುಗಿಸದೆ.

"ಅಲ್ಲೋ, ಆಕಿ ನಾಲಿಗಿ—"

"ಮಾತಾಡಬಾರದು ಅಂತ ನಿಯಮ ಐತಿ."

ಹಗ್ಗದ ಆ ತುದಿಯಲ್ಲಿ ಅವನ ಅಕ್ಕ ಕೈಚೀಲವನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಆಕೆಯೂ ಎಲ್ಲ ನೋಡಿದ್ದಳು. ಆಕೆಯೂ ನಿಯಮ ಪಾಲಿಸಿದಳು. ಆಮೇಲೆ ಚಹಾ ಬಂತು, ಬಿಸ್ಕೀಟು ಬಂತು, ಒಂದು ಲೋಟ ಹಾಲೂ ಬಂತು. ಮೀಡಿಯಮ್ ಸಾಲಿನ ಬಾಲಕ್ಕೆ ಬರುವಷ್ಟರಲ್ಲಿ ಆ ಹಿರಿಯರ ಮುಖಕ್ಕೆ ಮತ್ತೆ ಜೀವ ಬಂದಿತ್ತು. ಮುದುಕನ ಚಟ್ನಿ ಬಾಯಿಗಿಟ್ಟವರು ಕಳೆದುಹೋದ ಮಗ ಸಿಕ್ಕ ಹಾಗೆ ನಕ್ಕರು.

ಮೊದಲ ಬಹುಮಾನ ಮುದುಕನಿಗೆ. ಅಕ್ಕನಿಗೆ ಸಮಾಧಾನದ ಚೀಟಿ: "ರುಚಿ ಇನ್ನಷ್ಟು ಮುಂದೆ ಬರಬೇಕಿತ್ತು." ನನಗೂ ಒಂದು ಚೀಟಿ ಇತ್ತು: "ಬಣ್ಣ ಬಹಳ ಚೆನ್ನಾಗಿದೆ. ಮೈಲ್ಡ್ ಅಲ್ಲ."

ಮುದುಕ ಕಪ್ಪನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಊರಿಗೆ ಬಂದ. ಅರ್ಧ ದಾರಿ ಹಾಡಿದ. ಇನ್ನರ್ಧ ದಾರಿ ಕಿಟಕಿಯಾಚೆ ನೋಡುತ್ತಾ ಕೂತ. ಇಳಿಯುವಾಗ, "ನಾನ ಗೆದ್ದೆನಲ್ಲ?" ಎಂದು ಕೇಳಿದ. ಗೆದ್ದವರು ಕೇಳುವ ಪ್ರಶ್ನೆ ಅದಲ್ಲ.

ಮರುದಿನ ನನ್ನನ್ನು ಅಕ್ಕನ ಅಡಿಗೆಮನೆಗೆ ಕರೆಸಿದರು. ಮೇಜಿನ ನಡುವೆ ಕಪ್ಪು. ಮುದುಕ ತಾನಾಗಿಯೇ ತಂದಿಟ್ಟಿದ್ದ. ಅದರ ಎರಡು ಕಡೆ, ಯಾವುದು ಯಾರದೆಂದು ತಿಳಿಯದಂತೆ ಚೀಟಿ ಕಿತ್ತ, ಇಬ್ಬರ ಚಟ್ನಿಯ ಎರಡು ಬಾಟಲಿ.

"ನೀನ ಕೆಡಿಸಿದ್ದು, ಲವ್, ನೀನ ಸರಿ ಮಾಡು," ಎಂದಳು ಅಕ್ಕ. ಈ ಊರಲ್ಲಿ ಗಂಡಸರನ್ನೂ 'ಲವ್' ಎನ್ನುತ್ತಾರೆ, ಬೈಯುವಾಗಲೂ. "ಯಾವುದು ಚಲೋ ಐತಿ, ಹೇಳು. ಅದರ ಕಿಟಕಿಗೆ ಈ ಕಪ್ಪು."

"ಮುಖ ನೋಡಬ್ಯಾಡ, ನಾಲಿಗಿ ಹೇಳಿದ್ದು ಹೇಳು," ಎಂದ ಮುದುಕ. ಅವನ ಕೈ ಮೇಜಿನಂಚನ್ನು ಹಿಡಿದಿತ್ತು.

ತಿಂದೆ. ಹೋಳಿಗೆ ಹೂರಣಕ್ಕೆ ವಿನೆಗರ್ ಹಾಕಿದ ಹಾಗಿತ್ತು. ಇನ್ನೊಂದನ್ನು ತಿಂದೆ. ಅದೇ ಹೂರಣ, ಅದೇ ವಿನೆಗರ್. ಶುಂಠಿ ಹುಡುಕಿದೆ; ಎರಡರಲ್ಲೂ ಇತ್ತು, ಇಲ್ಲದ ಹಾಗೆ ಇತ್ತು. ಕಣ್ಣು ಮುಚ್ಚಿಕೊಂಡು ಮತ್ತೊಂದು ಸುತ್ತು ತಿಂದೆ.

"ಎರಡೂ ಒಂದ ಅದಾವು," ಎಂದೆ.

"ಏನಂದೀ?" ಎಂದರು ಇಬ್ಬರೂ ಒಟ್ಟಿಗೆ.

"ಒಂದ ಕೈಯಾಗ ಮಾಡಿದಂಗ ಐತಿ. ಯಾರ ಹತ್ರ ಕಲತೀರಿ?"

"ಅವ್ವನ ಹತ್ರ," ಎಂದಳು ಅಕ್ಕ. "ಆದ್ರ ಇವನದ್ರಾಗ ಶುಂಠಿ ಸಿಕ್ಕಾಪಟ್ಟಿ ಇರತೈತಿ. ಕುರುಡಗೂ ತಿಳೀತೈತಿ."

"ಈಕೀದ್ರಾಗ ಬರೇ ಸಕ್ರಿ," ಎಂದ ಮುದುಕ. "ಸಣ್ಣ ಕೂಸಿಗೂ ತಿಳೀತೈತಿ."

"ನನಗ ತಿಳೀಲಿಲ್ಲ," ಎಂದೆ.

ಅಕ್ಕ ತಮ್ಮನ ಮುಖ ನೋಡಿದಳು. ತಮ್ಮ ಅಕ್ಕನ ಮುಖ ನೋಡಿದ. ಕಪ್ಪಿನ ಎರಡು ಕಡೆ ಕೂತು ಇಷ್ಟು ವರ್ಷ ಒಂದು ಮಾತಿಗೂ ಒಪ್ಪದಿದ್ದವರು ಈಗ ಒಪ್ಪಿಗೆಗೆ ಬಂದರು.

"ಪಾಪ," ಎಂದಳು ಅಕ್ಕ. "ಖಾರ ತಿಂದು ತಿಂದು ಇವನ ನಾಲಿಗೀನ ಸತ್ತು ಹೋಗೈತಿ."

"ನನಗ ಮೊದಲಿಂದ ಸಂಶಯ ಇತ್ತು," ಎಂದ ಮುದುಕ.

ಖಾರದ ವಾಸನೆ ಹಿಡಿದು ಯಾವ ಹೊಲದ ಮೆಣಸಿನಕಾಯಿ ಎಂದು ಹೇಳುತ್ತಿದ್ದ ನನಗೆ ಈ ಮಾತು! ಎದ್ದು ಬರಬೇಕೆಂದಿದ್ದೆ. ಅಷ್ಟರಲ್ಲಿ ಅಕ್ಕ ಕಪ್ಪನ್ನು ಸೆರಗಿನಂತಿದ್ದ ತನ್ನ ಏಪ್ರನ್‌ನಿಂದ ಒಂದು ಸಲ ಒರೆಸಿ, ತಮ್ಮನ ಕಡೆ ತಳ್ಳಿದಳು.

"ಇವನ ಮಾತು ಹಿಡಕೊಂಡು ಏನ್ ಮಾಡೂದು? ಬಿಳೀ ಕೋಟಿನಾಕಿ ಬರದದ್ದ ಖರೆ. ಒಯ್ಯಿ. ವರ್ಷ ಮುಗದ ಮ್ಯಾಲ ತಂದು ಕೊಡು."

ಈಗ ಕಪ್ಪು ಮುದುಕನ ಕಿಟಕಿಯಲ್ಲಿದೆ. ಬೀದಿಗೆ ಅಲ್ಲ, ಕರಾರುವಾಕ್ಕಾಗಿ ಅಕ್ಕನ ಮನೆಯ ದಿಕ್ಕಿಗೆ ಮುಖ ಮಾಡಿದೆ. ನಾನು ಶಿಫ್ಟಿಗೆ ಹೋಗುವಾಗ ಅವನು ಕಿಟಕಿ ತಟ್ಟಿ, ತನ್ನ ನಾಲಿಗೆ ಹೊರಗೆ ಚಾಚಿ ತೋರಿಸಿ, ನನ್ನ ಬಗ್ಗೆ ಕನಿಕರದಿಂದ ತಲೆಯಾಡಿಸುತ್ತಾನೆ.

ಡೇರೆಯಿಂದ ವಾಪಸು ಬಂದ ರಂಜಕದ ಬಾಟಲಿಯನ್ನು, ಅಕ್ಕನ ಅಡಿಗೆಮನೆಯಿಂದ ನಾನು ಬಂದ ರಾತ್ರಿಯೇ, ಊಟಕ್ಕೆ ತೆರೆದೆವು. ಹೆಂಡತಿ ರೊಟ್ಟಿಯ ತುದಿಗೆ ಹಚ್ಚಿಕೊಂಡು, ಎಣ್ಣೆ ಬಿಟ್ಟುಕೊಂಡು, ಒಂದು ತುತ್ತು ತಿಂದು, ಬಾಟಲಿಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡಳು.

"ಈ ಸಲ ಸಪ್ಪಗಾಗೇತಲ್ರೀ," ಎಂದಳು.